ಅಪ್‌ಡೇಟ್ ಕೈಕೊಟ್ಟಾಗ ಯಾವುದನ್ನು ಹಿಡಿಯುವುದು? ಅಪ್‌ಡೇಟ್ ಮ್ಯಾನೇಜರ್, ಸಿನಾಪ್ಟಿಕ್, ಟರ್ಮಿನಲ್, ಟೈಮ್‌ಶಿಫ್ಟ್

ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಅಪ್‌ಡೇಟ್ ಅರ್ಧಕ್ಕೆ ನಿಂತಿದೆ ಅಂತ ಯಾರನ್ನಾದರೂ ಕೇಳಿ ನೋಡಿ. ಒಬ್ಬರು ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆಯಿರಿ ಅನ್ನುತ್ತಾರೆ. ಇನ್ನೊಬ್ಬರು ಸಿನಾಪ್ಟಿಕ್ (ಸಾಫ್ಟ್‌ವೇರನ್ನು ಕಿಟಕಿಯಲ್ಲಿ ನೋಡಿ ಹಾಕುವ, ತೆಗೆಯುವ ಪ್ರೋಗ್ರಾಂ) ಸಾಕು ಅನ್ನುತ್ತಾರೆ. ಮತ್ತೊಬ್ಬರು ಸಿಸ್ಟಮ್‌ನ ಹಳೆಯ ಸ್ಥಿತಿಯನ್ನು ಉಳಿಸಿಡುವ ಟೈಮ್‌ಶಿಫ್ಟ್‌ನಲ್ಲಿ ಹಿಂದಕ್ಕೆ ಹೋಗಿಬಿಡಿ ಅನ್ನುತ್ತಾರೆ. ಎಲ್ಲ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿ ಅನ್ನುವವರೂ ಒಬ್ಬರು ಇದ್ದೇ ಇರುತ್ತಾರೆ.

ನಾನು ಬಳಸುವುದು ಉಬುಂಟು ಮತ್ತು ಲಿನಕ್ಸ್ ಮಿಂಟ್. ಎರಡೂ ಡೆಬಿಯನ್ ಅನ್ನುವ ಲಿನಕ್ಸ್‌ನ ಕುಟುಂಬದವು. ಯಾವ ಪ್ಯಾಕೇಜ್ (ಇನ್‌ಸ್ಟಾಲ್ ಮಾಡಲು ಕಟ್ಟಿಟ್ಟ ಸಾಫ್ಟ್‌ವೇರ್ ಗಂಟು) ಬೇಕು, ಎಲ್ಲಿಂದ ತರಬೇಕು ಅಂತ ಲೆಕ್ಕ ಹಾಕುವುದು ಆಪ್ಟ್. ತಂದದ್ದನ್ನು ಬಿಚ್ಚಿ ಡಿಸ್ಕ್‌ನಲ್ಲಿ ಕೂರಿಸುವುದು ಡಿಪಿಕೆಜಿ. ಅಪ್‌ಡೇಟ್ ಮ್ಯಾನೇಜರ್ ಆಗಲಿ, ಸಿನಾಪ್ಟಿಕ್ ಆಗಲಿ, ಕೊನೆಗೆ ಕೆಲಸ ಮಾಡಿಸುವುದು ಇವೆರಡರ ಕೈಯಲ್ಲೇ. ಹಾಗಾಗಿ ಯಾವುದಕ್ಕೆ ಶಕ್ತಿ ಜಾಸ್ತಿ ಅನ್ನುವ ಜಗಳ ಸುಮ್ನೆ. ಏನು ಕೆಟ್ಟಿದೆ ಅಂತ ಯಾವುದು ಮುಚ್ಚಿಡದೆ ತೋರಿಸುತ್ತದೆ? ಕಮ್ಮಿ ಕೈ ಹಾಕಿ ಯಾವುದು ಸರಿ ಮಾಡುತ್ತದೆ? ನಾನು ಅಳೆದು ನೋಡಿದ್ದು ಇವೆರಡನ್ನೇ.

ಲಾಕ್ ಸಿಗಲಿಲ್ಲ ಅನ್ನುವ ತಕರಾರು

ಇದು ಎಲ್ಲಕ್ಕಿಂತ ಸಾಮಾನ್ಯ, ಎಲ್ಲಕ್ಕಿಂತ ಚಿಕ್ಕದು ಕೂಡ. ಪ್ಯಾಕೇಜ್ ಕೆಲಸವನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಮಾಡಲಿ ಅಂತ ಇರುವ ತಡೆಯೇ ಲಾಕ್. ಕಂಪ್ಯೂಟರ್ ಆನ್ ಆಗಿ ಸ್ವಲ್ಪ ಹೊತ್ತಿಗೆ ಅನಟೆಂಡೆಡ್-ಅಪ್‌ಗ್ರೇಡ್ಸ್ ಅನ್ನುವ ಪ್ರೋಗ್ರಾಂ ಹಿನ್ನೆಲೆಯಲ್ಲಿ ಸೆಕ್ಯುರಿಟಿ ಅಪ್‌ಡೇಟ್ ಹಾಕಲು ಶುರುಮಾಡಿರುತ್ತದೆ. ಅದೇ ಹೊತ್ತಿಗೆ ನಾವೂ ಅಪ್‌ಡೇಟ್ ಒತ್ತುತ್ತೇವೆ. ಗ್ರಾಫಿಕಲ್ ಅಪ್‌ಡೇಟರ್ ಸುತ್ತುವ ಚಕ್ರ ತೋರಿಸುತ್ತಾ ಕೂರುತ್ತದೆ, ಇಲ್ಲವೇ ಬೇರೆ ಯಾವುದೋ ಪ್ರೋಗ್ರಾಂ ಬಳಸುತ್ತಿದೆ ಅಂದು ಸುಮ್ಮನಾಗುತ್ತದೆ. ಯಾವ ಪ್ರೋಗ್ರಾಂ ಅಂತ ಹೇಳುವುದಿಲ್ಲ. ಸಿನಾಪ್ಟಿಕ್ ಕೂಡ ಇಲ್ಲಿ ಕೈಚೆಲ್ಲುತ್ತದೆ.

ಟರ್ಮಿನಲ್‌ನಲ್ಲಿ ಆಪ್ಟ್ ಓಡಿಸಿದರೆ ಲಾಕ್ ಹಿಡಿದಿರುವ ಪ್ರೊಸೆಸ್‌ನ ನಂಬರ್, ಅದರ ಹೆಸರು ಎರಡನ್ನೂ ಹೇಳಿ, ಅದು ಮುಗಿಯುವವರೆಗೆ ತಾನೇ ಕಾಯುತ್ತದೆ. ಮಾಡಬೇಕಾದ್ದು ಇಷ್ಟೇ: ನಾವೂ ಕಾಯುವುದು.

ಇಲ್ಲಿ "ಲಾಕ್ ಫೈಲ್ ಅಳಿಸಿಬಿಡಿ" ಅನ್ನುವ ಸಲಹೆ ತುಂಬಾ ಓಡಾಡುತ್ತದೆ. ದಯವಿಟ್ಟು ಬೇಡ. ಫೈಲ್ ಅಲ್ಲಿ ಇದ್ದ ಮಾತ್ರಕ್ಕೆ ಲಾಕ್ ಬಿದ್ದಿದೆ ಅಂತ ಅರ್ಥ ಅಲ್ಲ. ಚಾಲೂ ಇರುವ ಪ್ರೋಗ್ರಾಂ ಕರ್ನಲ್ (ಸಿಸ್ಟಮ್‌ನ ತಿರುಳು) ಮೂಲಕ ಆ ಫೈಲನ್ನು ಹಿಡಿದುಕೊಂಡಿದ್ದರೆ ಮಾತ್ರ ಲಾಕ್. ಪ್ರೋಗ್ರಾಂ ಸತ್ತರೆ ಹಿಡಿತ ತಾನಾಗಿ ಬಿಡುತ್ತದೆ, ಫೈಲ್ ಮಾತ್ರ ಅಲ್ಲೇ ಉಳಿಯುತ್ತದೆ. ಅದರಿಂದ ತೊಂದರೆ ಏನೂ ಇಲ್ಲ. ಪ್ರೋಗ್ರಾಂ ಇನ್ನೂ ಓಡುತ್ತಿರುವಾಗ ಫೈಲ್ ಅಳಿಸಿದರೆ ಏನಾಗುತ್ತದೆ? ಅದೇ ಹೆಸರಲ್ಲಿ ಹೊಸ ಫೈಲ್ ಹುಟ್ಟುತ್ತದೆ, ಅದರ ಮೇಲೆ ಇನ್ನೊಬ್ಬರಿಗೂ ಲಾಕ್ ಸಿಗುತ್ತದೆ. ಆಮೇಲೆ ಎರಡು ಪ್ರೋಗ್ರಾಂಗಳು ಒಂದೇ ಪ್ಯಾಕೇಜ್ ಡೇಟಾಬೇಸನ್ನು ತಿದ್ದಲು ಹೊರಡುತ್ತವೆ. ಚಿಕ್ಕ ತಕರಾರು ದೊಡ್ಡದಾಗುವುದು ಹೀಗೆ.

ಬೂಟ್ ಪಾರ್ಟಿಷನ್ ತುಂಬಿದಾಗ

ನಾಲ್ಕೂ ದಾರಿಗಳ ಬಣ್ಣ ಬಯಲಾಗುವುದು ಇಲ್ಲಿ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ ಇನ್‌ಸ್ಟಾಲ್ ಮಾಡಿದವರಿಗೆ ಬೂಟ್‌ಗೆ (ಕಂಪ್ಯೂಟರ್ ಏಳಲು ಬೇಕಾದ ಫೈಲ್‌ಗಳ ಫೋಲ್ಡರ್) ಸಾಮಾನ್ಯವಾಗಿ ಬೇರೆಯೇ ಪಾರ್ಟಿಷನ್, ಅಂದರೆ ಡಿಸ್ಕ್‌ನ ಬೇರೆ ಭಾಗ, ಇರುತ್ತದೆ, ಅದೂ ಚಿಕ್ಕದು. ಪ್ರತಿ ಹೊಸ ಕರ್ನಲ್ ಬಂದಾಗಲೂ ಅಲ್ಲಿ ಕರ್ನಲ್ ಜೊತೆಗೆ ಅದು ಏಳಲು ನೆರವಾಗುವ ಇನಿಟ್‌ರಾಮ್‌ಎಫ್‌ಎಸ್ ಅನ್ನುವ ದೊಡ್ಡ ಫೈಲ್ ಒಂದು ಬಂದು ಕೂರುತ್ತದೆ. ಹಳೆಯವು ಹೋಗದೆ ಹೊಸದು ಬರುತ್ತಲೇ ಇದ್ದರೆ ಒಂದು ದಿನ ಜಾಗ ಮುಗಿಯುತ್ತದೆ. ಕರ್ನಲ್ ಪ್ಯಾಕೇಜ್ ಬಿಚ್ಚಿ ಹಾಕಿಯಾಗಿದೆ, ಇನಿಟ್‌ರಾಮ್‌ಎಫ್‌ಎಸ್ ಬರೆಯಲು ಜಾಗ ಇಲ್ಲ. ಪ್ಯಾಕೇಜ್ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಅಲ್ಲಿಂದ ಮುಂದೆ ಪುಟ್ಟ ಟೆಕ್ಸ್ಟ್ ಎಡಿಟರ್ ಹಾಕಲು ಹೋದರೂ ಅದೇ ಎರರ್.

ಉಬುಂಟುವಿನ ಅಪ್‌ಡೇಟರ್ ಇಂಥ ಹೊತ್ತಿನಲ್ಲಿ ನನಗೆ ತೋರಿಸಿದ್ದು ಒಂದು ಸಾಲು: ಪ್ಯಾಕೇಜ್ ಇನ್‌ಸ್ಟಾಲ್ ಆಗಲಿಲ್ಲ, ರಿಪೋರ್ಟ್ ಕಳಿಸಲೇ? ಡೀಟೇಲ್ಸ್ ಬಾಣವನ್ನು ಒತ್ತಿದರೆ ಒಳಗಿನ ಸಾಲುಗಳು ಕಾಣುತ್ತವೆ ನಿಜ, ಆದರೆ ಕಿಟಕಿ ಮುಚ್ಚಿದ ಮೇಲೆ ಅವೂ ಹೋದವು. ಮಿಂಟ್‌ನ ಅಪ್‌ಡೇಟ್ ಮ್ಯಾನೇಜರ್ ಈ ವಿಷಯದಲ್ಲಿ ಎಷ್ಟೋ ವಾಸಿ. ಅದರ ವ್ಯೂ ಮೆನುವಿನಲ್ಲಿ ಲಿನಕ್ಸ್ ಕರ್ನಲ್ಸ್ ಅಂತ ಒಂದು ಪುಟ ಇದೆ. ಯಾವ ಯಾವ ಕರ್ನಲ್ ಕೂತಿದೆ, ಈಗ ಓಡುತ್ತಿರುವುದು ಯಾವುದು ಅಂತ ತೋರಿಸಿ, ಹಳೆಯದನ್ನು ಅಲ್ಲೇ ತೆಗೆಯಲು ಬಿಡುತ್ತದೆ. ಜಾಗ ಪೂರ್ತಿ ಮುಗಿಯುವ ಮುಂಚೆ ಬಳಸಿದರೆ ಇದರಷ್ಟು ಸುಲಭ ಇನ್ನೊಂದಿಲ್ಲ.

ಮುಗಿದ ಮೇಲೆ? ಟರ್ಮಿನಲ್‌ಗೇ ಬರಬೇಕು. "ಡಿಎಫ್ -ಎಚ್ /ಬೂಟ್" ಅಂದರೆ ನೂರಕ್ಕೆ ನೂರು ಅಂತ ಕಾಣುತ್ತದೆ. ಅನುಮಾನ ಮುಗಿಯಿತು. "ಯುನೇಮ್ -ಆರ್" ಈಗ ಓಡುತ್ತಿರುವ ಕರ್ನಲ್ ಹೇಳುತ್ತದೆ. ಅದನ್ನು ಮುಟ್ಟಬಾರದು. ಬೇಡವಾದ ಪ್ಯಾಕೇಜ್‌ಗಳನ್ನು ಗುಡಿಸುವ "ಸುಡೋ ಆಪ್ಟ್ ಆಟೋರಿಮೂವ್ --ಪರ್ಜ್" ಮೊದಲ ಪ್ರಯತ್ನ. ಎಷ್ಟೋ ಸಲ ಅದೇ ಸಾಕಾಗುತ್ತದೆ. ಆದರೆ ಪ್ಯಾಕೇಜ್ ಅರ್ಧಕ್ಕೆ ನಿಂತಿದ್ದರೆ ಆಪ್ಟ್ "ಮೊದಲು ಡಿಪೆಂಡೆನ್ಸಿ (ಒಂದು ಪ್ಯಾಕೇಜ್ ಇನ್ನೊಂದನ್ನು ನೆಚ್ಚಿರುವುದು) ಸರಿಮಾಡು" ಅನ್ನುತ್ತದೆ, ಅದನ್ನು ಸರಿಮಾಡಲು ಜಾಗ ಬೇಕು, ಜಾಗಕ್ಕೆ ಆಟೋರಿಮೂವ್ ಬೇಕು. ಈ ಸುಳಿಯಿಂದ ಹೊರಗೆ ಬರಲು ಆಪ್ಟನ್ನು ಬಿಟ್ಟು ಒಂದು ಮೆಟ್ಟಿಲು ಕೆಳಗಿಳಿಯಬೇಕು. "ಡಿಪಿಕೆಜಿ -ಎಲ್" (dpkg -l) ಪಟ್ಟಿಯಲ್ಲಿ ಎಲ್ಲಕ್ಕಿಂತ ಹಳೆಯ ಕರ್ನಲ್ ಇಮೇಜ್ ಹುಡುಕಿ, ಅದೊಂದನ್ನೇ "ಡಿಪಿಕೆಜಿ --ಪರ್ಜ್" ಮಾಡುವುದು. ಬೇರೆ ಪ್ಯಾಕೇಜ್ ಅದನ್ನೇ ನೆಚ್ಚಿಕೊಂಡಿದ್ದರೆ ಡಿಪಿಕೆಜಿ ಆ ಹೆಸರನ್ನೂ ಹೇಳಿ ನಿಲ್ಲುತ್ತದೆ, ಆಗ ಎರಡನ್ನೂ ಸೇರಿಸಿ ಕೊಡಬೇಕು. ಜಾಗ ಬಿಟ್ಟ ಮೇಲೆ ಅರ್ಧಕ್ಕೆ ನಿಂತದ್ದನ್ನು ಮುಗಿಸಲು "ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ", ಅದಾದ ಮೇಲೆ "ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್". ಅಷ್ಟೇ.

ಸಿನಾಪ್ಟಿಕ್‌ನ ಎಡಿಟ್ ಮೆನುವಿನಲ್ಲೂ ಫಿಕ್ಸ್ ಬ್ರೋಕನ್ ಪ್ಯಾಕೇಜಸ್ ಇದೆ. ಅದನ್ನೂ ಒತ್ತಿ ನೋಡಿದೆ. ಜಾಗ ಇಲ್ಲದ ಕಡೆ ಅದು ತಾನೇ ಏನು ಮಾಡೀತು? ಮತ್ತೆ ಅದೇ ಎರರ್‌ಗೆ ಬಂದು ನಿಂತಿತು.

ಈ ತೊಂದರೆಗೆ ಟೈಮ್‌ಶಿಫ್ಟ್ ಸರಿಯಾದ ಮದ್ದಲ್ಲ. ಹಿಂದಿನ ಸ್ಥಿತಿಗೆ ಹೋಗಬಹುದು, ಆದರೆ ಆ ಸ್ಥಿತಿಯಲ್ಲೂ ಪಾರ್ಟಿಷನ್ ಅಂಚಿಗೆ ಬಂದೇ ಇತ್ತು. ಮುಂದಿನ ಕರ್ನಲ್ ಬಂದಾಗ ಮತ್ತದೇ ಕಥೆ. ಇನ್ನೊಂದು ಸೂಕ್ಷ್ಮ ಇದೆ. ಬಿಟಿಆರ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್‌ನ ರೀತಿಯಲ್ಲಿ ತೆಗೆದ ಸ್ನ್ಯಾಪ್‌ಶಾಟ್‌ಗೆ (ಉಳಿಸಿಟ್ಟ ಹಳೆ ಸ್ಥಿತಿಗೆ) ಬೇರೆ ಪಾರ್ಟಿಷನ್‌ನಲ್ಲಿರುವ ಬೂಟ್ ಸೇರುವುದೇ ಇಲ್ಲ. ಸಿಸ್ಟಮ್ ಹಳೆಯದಕ್ಕೆ ಹೋಗಿ, ಬೂಟ್‌ನಲ್ಲಿ ಹೊಸ ಕರ್ನಲ್ ಉಳಿದರೆ ಅದಕ್ಕೆ ಬೇಕಾದ ಮಾಡ್ಯೂಲ್‌ಗಳೇ (ಕರ್ನಲ್‌ಗೆ ಸೇರಿಕೊಳ್ಳುವ ಡ್ರೈವರ್‌ನಂಥ ತುಣುಕುಗಳು) ಸಿಗುವುದಿಲ್ಲ.

"ಕೆಪ್ಟ್ ಬ್ಯಾಕ್" ಅಂದರೆ ಕೆಟ್ಟಿದೆ ಅಂತಲ್ಲ

ಕೆಲವು ಪ್ಯಾಕೇಜ್‌ಗಳನ್ನು ಆಪ್ಟ್ ಸುಮ್ಮನೆ ತಡೆಹಿಡಿದು "ಕೆಪ್ಟ್ ಬ್ಯಾಕ್" ಅನ್ನುತ್ತದೆ. ಇದಕ್ಕೆ ಕಾರಣ ಒಂದೇ ಅಲ್ಲ. "ಆಪ್ಟ್-ಗೆಟ್ ಅಪ್‌ಗ್ರೇಡ್" ಹೊಸ ಪ್ಯಾಕೇಜ್ ಸೇರಿಸುವುದೂ ಇಲ್ಲ, ಇದ್ದದ್ದನ್ನು ತೆಗೆಯುವುದೂ ಇಲ್ಲ. "ಆಪ್ಟ್ ಅಪ್‌ಗ್ರೇಡ್" ಹೊಸದನ್ನು ಸೇರಿಸುತ್ತದೆ, ತೆಗೆಯುವುದಿಲ್ಲ. "ಆಪ್ಟ್ ಫುಲ್-ಅಪ್‌ಗ್ರೇಡ್" ಬೇಕಾದರೆ ತೆಗೆಯುತ್ತದೆ ಕೂಡ. ಹೊಸ ಕರ್ನಲ್ ಬರುವುದು ಹೊಸ ಪ್ಯಾಕೇಜ್ ಆಗಿ. ಹಳೆ ಆಪ್ಟ್-ಗೆಟ್ ಅಭ್ಯಾಸದವರಿಗೆ ಕರ್ನಲ್ ಯಾವಾಗಲೂ ಹಿಂದೆ ಉಳಿಯುವುದು ಇದಕ್ಕೇ.

ಉಬುಂಟುವಿನಲ್ಲಿ ಮತ್ತೊಂದು ಕಾರಣ ಇದೆ. ಅಪ್‌ಡೇಟನ್ನು ಎಲ್ಲರಿಗೂ ಒಂದೇ ಸಲ ಕೊಡದೆ ಹಂತಹಂತವಾಗಿ ಬಿಡುತ್ತಾರೆ. ಆಪ್ಟ್ ಈ ಸರದಿಯನ್ನು ಪಾಲಿಸಲು ಶುರುಮಾಡಿದ್ದು ಉಬುಂಟು 21.04 ಆವೃತ್ತಿಯಿಂದ. "ಆಪ್ಟ್-ಕ್ಯಾಶ್ ಪಾಲಿಸಿ" ಮುಂದೆ ಪ್ಯಾಕೇಜ್ ಹೆಸರು ಕೊಟ್ಟರೆ ಹೊಸ ಆವೃತ್ತಿಯ ಪಕ್ಕದಲ್ಲೇ ಎಷ್ಟು ಶೇಕಡಾ ಬಿಟ್ಟಿದ್ದಾರೆ ಅಂತ ಕಾಣುತ್ತದೆ. ಅಲ್ಲಿ 20 ಅಂತಿದ್ದರೆ ನಮ್ಮ ಸರದಿ ಇನ್ನೂ ಬಂದಿಲ್ಲ, ಅಷ್ಟೇ. ಇದನ್ನು ಬಲವಂತವಾಗಿ ಎಳೆದು ಹಾಕುವುದರಲ್ಲಿ ನನಗೆ ಜಾಣತನ ಕಾಣುವುದಿಲ್ಲ. ಮೊದಲ ಹಂತದಲ್ಲಿ ಏನಾದರೂ ಕೆಟ್ಟರೆ ನಿಲ್ಲಿಸಲಿ ಅಂತಲೇ ಈ ಏರ್ಪಾಡು ಇರುವುದು, ಅಲ್ವಾ?

ನಿಜವಾದ ತಲೆನೋವು ಮೂರನೆಯದು: ಹೊರಗಿನ ರೆಪಾಸಿಟರಿ, ಅಂದರೆ ಪ್ಯಾಕೇಜ್‌ಗಳ ಭಂಡಾರ. ಯಾವುದೋ ಒಂದು ಪ್ರೋಗ್ರಾಂಗಾಗಿ ಸೇರಿಸಿದ ಪಿಪಿಎ (ಉಬುಂಟುವಿಗಾಗಿ ಹೊರಗಿನವರು ನಡೆಸುವ ಪುಟ್ಟ ರೆಪಾಸಿಟರಿ), ಜೊತೆಗೆ ಒಂದು ಲೈಬ್ರರಿಯ (ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್) ಹೊಸ ಆವೃತ್ತಿಯನ್ನೂ ತಂದಿರುತ್ತದೆ. ಅಧಿಕೃತ ಪ್ಯಾಕೇಜ್‌ಗೆ ಬೇಕಾದದ್ದು ಹಳೆಯದು. ಟರ್ಮಿನಲ್ ಇಲ್ಲಿ ಏನು ಕೆಟ್ಟಿದೆ ಅಂತ ಹೇಳುತ್ತದೆ, ಆದರೆ ಆ ಮಾತು ಗೋಜಲು. "ಇದು ಅದನ್ನು ನೆಚ್ಚಿದೆ, ಆದರೆ ಅದು ಇನ್‌ಸ್ಟಾಲ್ ಆಗುವುದಿಲ್ಲ" ಅನ್ನುವ ಸಾಲುಗಳ ಸರಪಳಿ ಓದಿ ಕಣ್ಣು ಕಟ್ಟುತ್ತದೆ.

ಸಿನಾಪ್ಟಿಕ್ ಗೆಲ್ಲುವುದು ಇಲ್ಲೇ. ಎಡಗಡೆ ಆರಿಜಿನ್ ಒತ್ತಿದರೆ ಯಾವ ರೆಪಾಸಿಟರಿಯಿಂದ ಏನೇನು ಬಂದಿದೆ ಅಂತ ಬಿಡಿಸಿ ತೋರಿಸುತ್ತದೆ. ಆ ಲೈಬ್ರರಿಯ ಮೇಲೆ ನಿಂತು ಪ್ಯಾಕೇಜ್ ಮೆನುವಿನಲ್ಲಿ ಫೋರ್ಸ್ ವರ್ಷನ್ ಒತ್ತಿ. ಸಿಗುವ ಆವೃತ್ತಿಗಳೆಲ್ಲ ಒಂದು ಚಿಕ್ಕ ಪಟ್ಟಿಯಲ್ಲಿ ಬರುತ್ತವೆ. ಅಧಿಕೃತವಾದದ್ದನ್ನು ಆರಿಸಿದರೆ ಇನ್ನೇನೇನು ಬದಲಾಗುತ್ತದೆ ಅಂತ ಮೊದಲೇ ತೋರಿಸುತ್ತದೆ. ಆ ಪಟ್ಟಿಯನ್ನು ನಿಧಾನವಾಗಿ ಓದಬೇಕು. ತೆಗೆಯುವ ಸಾಲಿನಲ್ಲಿ ಡೆಸ್ಕ್‌ಟಾಪ್‌ನ ಹೆಸರೇ ಕಂಡರೆ ಕ್ಯಾನ್ಸಲ್. ಇಡೀ ಪಿಪಿಎ ಬೇಡ ಅನ್ನಿಸಿದರೆ ಪಿಪಿಎ-ಪರ್ಜ್ ಅನ್ನುವ ಪುಟ್ಟ ಕಮಾಂಡ್ ಅದನ್ನು ಬಂದ್ ಮಾಡಿ, ಅದರಿಂದ ಬಂದವನ್ನು ಅಧಿಕೃತ ಆವೃತ್ತಿಗೆ ಇಳಿಸುತ್ತದೆ.

ಟರ್ಮಿನಲ್‌ನಲ್ಲಿ ಓಡುವ ಆಪ್ಟಿಟ್ಯೂಡ್ ಅನ್ನುವ ಪ್ರೋಗ್ರಾಂ ಕೂಡ ಇದೇ ಕೆಲಸಕ್ಕೆ ಹೆಸರುವಾಸಿ. ಒಂದು ಪರಿಹಾರ ಮುಂದಿಡುತ್ತದೆ, "ಎನ್" ಒತ್ತಿದರೆ ಇನ್ನೊಂದು, ಮತ್ತೆ ಒತ್ತಿದರೆ ಮಗದೊಂದು. ಹುಷಾರು ಬುದ್ಧಿ ಇರುವವರಿಗೆ ಒಳ್ಳೆಯದೇ. ನನಗೆ ಮಾತ್ರ ಅದು ಚೌಕಾಸಿ ವ್ಯಾಪಾರಿಯ ಹಾಗೆ ಕಾಣುತ್ತದೆ: ಕೊನೆಗೆ ಬೇಸರದಲ್ಲಿ "ಆಯ್ತು ಮಾರಾಯ" ಅಂದುಬಿಡುವ ಅಪಾಯ ಜಾಸ್ತಿ.

ಕೀ, 404, ಹ್ಯಾಶ್

ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲದರಲ್ಲೂ ಟರ್ಮಿನಲ್ಲೇ ಮೇಲು, ಯಾಕೆಂದರೆ ಎರರ್ ಸಾಲಿನಲ್ಲೇ ಉತ್ತರ ಇರುತ್ತದೆ. "ಆಪ್ಟ್ ಅಪ್‌ಡೇಟ್" ಓಡಿಸುವಾಗ 404 (ಫೈಲ್ ಸಿಗಲಿಲ್ಲ) ಬಂದರೆ ಸಾಮಾನ್ಯವಾಗಿ ಆ ರೆಪಾಸಿಟರಿ ನಮ್ಮ ಆವೃತ್ತಿಗೆ ಇಲ್ಲ, ಅದನ್ನು ಬಂದ್ ಮಾಡಿ. ಹ್ಯಾಶ್ ಸಮ್ (ಫೈಲ್ ಸರಿಯಾಗಿ ಬಂತೇ ಅಂತ ನೋಡುವ ಗುರುತು) ಹೊಂದುತ್ತಿಲ್ಲ ಅಂದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ, ಇಲ್ಲವೇ ಬೇರೆ ಮಿರರ್‌ಗೆ (ಅದೇ ಪ್ಯಾಕೇಜ್‌ಗಳ ನಕಲು ಇರುವ ಸರ್ವರ್‌ಗೆ) ಬದಲಿಸಿ. ರಿಲೀಸ್ ಫೈಲ್ "ಇನ್ನೂ ಊರ್ಜಿತವಾಗಿಲ್ಲ" ಅಂದರೆ ಕಂಪ್ಯೂಟರ್‌ನ ಗಡಿಯಾರ ನೋಡಿ. ಪಬ್ಲಿಕ್ ಕೀ (ರೆಪಾಸಿಟರಿಯ ಸಹಿ ಪರೀಕ್ಷಿಸುವ ಕೀಲಿ) ಇಲ್ಲ ಅಂದರೆ ಹಳೆ ಆಪ್ಟ್-ಕೀ ಕಮಾಂಡ್ ಹುಡುಕಬೇಡಿ, ಅದರ ಕಾಲ ಮುಗಿದಿದೆ. ಆಯಾ ರೆಪಾಸಿಟರಿಯ ಕೀಯನ್ನು ಕೀರಿಂಗ್ಸ್ ಫೋಲ್ಡರ್‌ನಲ್ಲಿ ಇಟ್ಟು, ಸೋರ್ಸ್ ಸಾಲಿನಲ್ಲಿ ಸೈನ್ಡ್-ಬೈ ಅಂತ ಅದನ್ನು ತೋರಿಸುವುದು ಈಗಿನ ಪದ್ಧತಿ.

ಅಪ್‌ಡೇಟ್ ಆಯಿತು, ಪರದೆ ಕಪ್ಪು

ಹೊಸ ಕರ್ನಲ್ ಬಂತು, ಗ್ರಾಫಿಕ್ಸ್ ಡ್ರೈವರ್‌ನ ಮಾಡ್ಯೂಲ್ ಅದಕ್ಕೆ ಸರಿಯಾಗಿ ಕಟ್ಟಲ್ಪಡಲಿಲ್ಲ, ಲಾಗಿನ್ ಪರದೆಯೇ ಬರಲಿಲ್ಲ. ಕಿಟಕಿಯೇ ಇಲ್ಲದ ಮೇಲೆ ಅಪ್‌ಡೇಟ್ ಮ್ಯಾನೇಜರ್, ಸಿನಾಪ್ಟಿಕ್ ಎರಡೂ ಆಟದಿಂದ ಹೊರಗೆ. ಟೈಮ್‌ಶಿಫ್ಟ್‌ಗೆ ಕೈ ಹಾಕುವ ಮುಂಚೆ ಕಂಪ್ಯೂಟರ್ ಏಳುವಾಗ ಬರುವ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ ಹಿಂದಿನ ಕರ್ನಲ್ ಆರಿಸಿ. ಅದು ಏನನ್ನೂ ಬದಲಿಸುವುದಿಲ್ಲ, ಸುಮ್ಮನೆ ಹಳೆಯದರಲ್ಲಿ ಎಬ್ಬಿಸುತ್ತದೆ. ಪರದೆ ಬಂದರೆ ತಪ್ಪು ಕರ್ನಲ್‌–ಡ್ರೈವರ್ ನಡುವೆ ಇದೆ ಅಂತಲೂ ಗೊತ್ತಾಯಿತು. ಹಳೆ ಕರ್ನಲ್ ಎಲ್ಲ ಗುಡಿಸಿಹಾಕಬೇಡಿ, ಒಂದನ್ನಾದರೂ ಉಳಿಸಿಕೊಳ್ಳಿ ಅನ್ನುವುದು ಇದಕ್ಕೇ.

ಅದರಲ್ಲೂ ಏಳದಿದ್ದರೆ, ಅಥವಾ ಒಂದೇ ಸಲಕ್ಕೆ ನೂರಾರು ಪ್ಯಾಕೇಜ್ ಬದಲಾಗಿ ಯಾವುದು ಕೆಟ್ಟಿತು ಅಂತ ತಿಳಿಯದಿದ್ದರೆ, ಟೈಮ್‌ಶಿಫ್ಟ್‌ಗೆ ಸಾಟಿ ಇಲ್ಲ. ಲೈವ್ ಯುಎಸ್‌ಬಿಯಿಂದ ಎದ್ದು, ಅಲ್ಲಿಂದಲೇ ಟೈಮ್‌ಶಿಫ್ಟ್ ತೆರೆದು, ಅಪ್‌ಡೇಟ್‌ಗೆ ಮುಂಚಿನ ಸ್ನ್ಯಾಪ್‌ಶಾಟ್ ಆರಿಸಿದರೆ ಸಿಸ್ಟಮ್ ವಾಪಸ್. ಹೋಮ್ ಫೋಲ್ಡರನ್ನು ಅದು ಮಾಮೂಲಾಗಿ ಮುಟ್ಟುವುದಿಲ್ಲ, ಹಾಗಾಗಿ ನಮ್ಮ ಫೈಲ್‌ಗಳು ಇದ್ದ ಹಾಗೇ ಇರುತ್ತವೆ. ಆದರೆ ವಾರ್ (/var) ಫೋಲ್ಡರ್ ಹಿಂದಕ್ಕೆ ಹೋಗುತ್ತದೆ. ಮೈಎಸ್‌ಕ್ಯೂಎಲ್‌ನಂಥ ಡೇಟಾಬೇಸ್ ಅಲ್ಲಿ ಇಟ್ಟುಕೊಂಡವರು ಮೊದಲು ಅದರ ಪ್ರತಿ ತೆಗೆಯಲೇಬೇಕು. ಇಷ್ಟಾದ ಮೇಲೂ ಆಪ್ಟ್‌ನ ಹಿಸ್ಟರಿ ಲಾಗ್, ಟರ್ಮ್ ಲಾಗ್ ಎರಡನ್ನೂ ರಿಸ್ಟೋರ್‌ಗೆ ಮುಂಚೆ ಯುಎಸ್‌ಬಿಗೆ ನಕಲು ಮಾಡಿಕೊಳ್ಳುತ್ತೇನೆ. ಅವೂ ವಾರ್‌ನಲ್ಲೇ ಇರುವುದು. ರಿಸ್ಟೋರ್ ಆದ ಮೇಲೆ ಏನು ಕೆಟ್ಟಿತ್ತು ಅಂತ ಹೇಳುವ ಸಾಕ್ಷಿಯೂ ಹೋಗಿರುತ್ತದೆ.

ಹೊಸದಾಗಿ ಇನ್‌ಸ್ಟಾಲ್ ಮಾಡುವುದರ ಬಗ್ಗೆ: ಡಿಸ್ಕೇ ಸಾಯುತ್ತಿದ್ದರೆ ಮಾಡಿ. ಅಪ್‌ಡೇಟ್ ನಿಂತಿದ್ದಕ್ಕೆಲ್ಲ ಬೇಡ.

ಟೈಮ್‌ಶಿಫ್ಟ್ ಇನ್ನೂ ಹಾಕಿಲ್ಲದವರಿಗೆ ಒಂದು ಲೆಕ್ಕ. ಫೈಲ್‌ಗಳನ್ನು ನಕಲು ಮಾಡಿಡುವ ಆರ್‌ಸಿಂಕ್ ರೀತಿಯಲ್ಲಿ ಮೊದಲ ಸ್ನ್ಯಾಪ್‌ಶಾಟ್ ಸಿಸ್ಟಮ್‌ನಷ್ಟೇ ಜಾಗ ತಿನ್ನುತ್ತದೆ. ಆಮೇಲಿನವು ಹಾರ್ಡ್ ಲಿಂಕ್ (ಅದೇ ಫೈಲ್‌ಗೆ ಇನ್ನೊಂದು ಹೆಸರು) ಬಳಸುವುದರಿಂದ ಬದಲಾದ ಫೈಲ್‌ಗಳಿಗೆ ಮಾತ್ರ ಜಾಗ ಬೇಕು. ಸಾಧ್ಯವಾದರೆ ಬೇರೆ ಡಿಸ್ಕ್‌ಗೆ ಹಾಕಿ. ಒಂದೇ ಡಿಸ್ಕ್ ಇದ್ದರೆ ಉಳಿಸಿಕೊಳ್ಳುವ ಸಂಖ್ಯೆ ಕಮ್ಮಿ ಇಡಿ, ಇಲ್ಲದಿದ್ದರೆ ರೂಟ್ (ಸಿಸ್ಟಮ್ ಇರುವ ಮುಖ್ಯ) ಪಾರ್ಟಿಷನ್ ತುಂಬಿ ಅದರಿಂದಲೇ ಮುಂದಿನ ಅಪ್‌ಡೇಟ್ ನಿಲ್ಲುತ್ತದೆ.