ಭೋಸರಿಯ ಶೀಟ್ ಮೆಟಲ್ ಫಾರ್ಮಿಂಗ್ ಸಿಮ್ಯುಲೇಶನ್ ಕ್ಲಾಸ್: ಸೇರಬಹುದಾ?

ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದಲ್ಲಿ (ಎಂಐಡಿಸಿ) ಭಾನುವಾರ ಭಾನುವಾರ ಒಂದು ಶೀಟ್ ಮೆಟಲ್ ಸಿಮ್ಯುಲೇಶನ್ ಕ್ಲಾಸ್ ನಡೆಯುತ್ತದೆ. ತಗಡನ್ನು ಪ್ರೆಸ್‌ನಲ್ಲಿ ಒತ್ತಿದರೆ ಏನಾಗುತ್ತದೆ ಅಂತ ಮೊದಲೇ ಕಂಪ್ಯೂಟರ್‌ನಲ್ಲಿ ನೋಡುವ ವಿದ್ಯೆ ಇದು. ಹತ್ತಿರದ ಚಾಕಣದಲ್ಲಿ ಡೈ, ಅಂದರೆ ಅಚ್ಚು ಮಾಡುವ ಟೂಲ್‌ರೂಮ್‌ಗಳಲ್ಲಿರುವ ನಮ್ಮ ಬೆಳಗಾವಿ, ಹುಬ್ಬಳ್ಳಿ ಕಡೆಯ ಹುಡುಗರು "ಸೇರಬಹುದಾ ಅಣ್ಣಾ?" ಎಂದು ಕೇಳುತ್ತಲೇ ಇರುತ್ತಾರೆ. ನಾನು ಪೂರ್ತಿ ಕೋರ್ಸ್ ಮುಗಿಸಿದ್ದೇನೆ. ಡೈ ಕೆಲಸ ಸ್ವಲ್ಪ ಗೊತ್ತಿದ್ದರೆ ಸೇರಿ. ಬರೀ ಸರ್ಟಿಫಿಕೇಟ್ ಬೇಕಿದ್ದರೆ ಬೇಡ, ಸುಮ್ನೆ ದುಡ್ಡು ದಂಡ.

ಕಲಿಸುವುದು ಎಲ್‌ಎಸ್-ಡೈನಾ ಅನ್ನುವ ಸಾಫ್ಟ್‌ವೇರ್‌ನಲ್ಲಿ. ಸರ್ ಧಾರವಾಡದವರು. ಪಾಠ ಹಿಂದಿ, ಮರಾಠಿ ಬೆರೆಸಿ ನಡೆಯುತ್ತದೆ, ನಾವು ಡೌಟ್ ಕೇಳಿದರೆ ಮಾತ್ರ ಕನ್ನಡದಲ್ಲೇ ಬಿಡಿಸಿ ಹೇಳುತ್ತಾರೆ. ಅವರಲ್ಲಿ ನನಗೆ ಹಿಡಿಸಿದ್ದು, ಸ್ಕ್ರೀನ್ ಮೇಲಿನ ಬಣ್ಣವನ್ನು ನಂಬಲು ಬಿಡುವುದಿಲ್ಲ. ಒಬ್ಬ ಹುಡುಗ ಆಯಿಲ್ ಪ್ಯಾನ್‌ನ ಸಿಮ್ಯುಲೇಶನ್ ಓಡಿಸಿ "ಪೂರ್ತಿ ಹಸಿರು ಬಂತು ಸರ್" ಎಂದ, ಅಂದರೆ ಎಲ್ಲೂ ತೊಂದರೆ ಇಲ್ಲ ಅಂತ. ಸರ್ ಆ ಕಡೆ ನೋಡಲೂ ಇಲ್ಲ. "ಮೊದಲು ಎನರ್ಜಿ ಗ್ರಾಫ್ ತೆಗಿ" ಅಂದರು. ಲೆಕ್ಕ ಬೇಗ ಮುಗಿಯಲಿ ಅಂತ ಅವನು ಮಾಸ್ ಸ್ಕೇಲಿಂಗ್ (ಶೀಟಿಗೆ ಸುಳ್ಳು ತೂಕ ಸೇರಿಸುವುದು) ಜಾಸ್ತಿ ಹಾಕಿದ್ದ. ತೆಳು ಶೀಟು, ತುಂಬಿದ ಲಾರಿಯ ಹಾಗೆ ನುಗ್ಗುತ್ತಿತ್ತು. ಕೈನೆಟಿಕ್ ಎನರ್ಜಿ (ಚಲನೆಯದ್ದು), ಇಂಟರ್ನಲ್ ಎನರ್ಜಿಯ (ಶೀಟು ಆಕಾರ ಬದಲಿಸಲು ಹೋಗುವುದು) ಶೇ. 5ರಿಂದ 10ರೊಳಗೆ ಇರಬೇಕು. ಅವನದ್ದು ಕಾಲು ಭಾಗ ಮುಟ್ಟಿತ್ತು! ಸರಿಮಾಡಿ ಮತ್ತೆ ಓಡಿಸಿದರೆ ಒಂದು ಮೂಲೆ ಎಫ್‌ಎಲ್‌ಡಿ ಗೆರೆ (ಶೀಟು ಎಷ್ಟು ಹಿಗ್ಗಬಹುದು ಅನ್ನುವ ಮಿತಿ) ದಾಟಿತು. ಟ್ರೈಔಟ್‌ನಲ್ಲಿ, ಅಂದರೆ ಡೈಯನ್ನು ಪ್ರೆಸ್ ಮೇಲೆ ಪರೀಕ್ಷಿಸುವಾಗ, ಶೀಟು ಹರಿದುಹೋಗುವುದು ಅಲ್ಲೇ.

ಲೆಕ್ಕಕ್ಕಾಗಿ ಶೀಟನ್ನು ಎಲಿಮೆಂಟ್ ಅನ್ನುವ ಸಣ್ಣ ತುಂಡುಗಳಾಗಿ ಒಡೆಯುತ್ತಾರೆ, ಅದೇ ಮೆಶ್. ಅದು ಎಷ್ಟು ಸಣ್ಣದಿರಬೇಕು ಅಂತ ಎಲ್ಲರೂ ಕೇಳುತ್ತಾರೆ. ಸರ್ ತಿರುಗಿ ಡೈ ರೇಡಿಯಸ್ (ಡೈ ಅಂಚಿನ ದುಂಡು) ಎಷ್ಟು ಅಂತ ಕೇಳುತ್ತಾರೆ. ರೇಡಿಯಸ್ 5 ಎಂಎಂ ಇದ್ದರೆ ಕಾಲು ಸುತ್ತಿನ ಉದ್ದ ಸುಮಾರು 8 ಎಂಎಂ. ಅಲ್ಲಿ 4 ಎಂಎಂ ಎಲಿಮೆಂಟ್ ಎರಡೇ ಕೂರುತ್ತವೆ, ಬಾಗು ಹೇಗೆ ಬಂದೀತು? ಅಡಾಪ್ಟಿವ್ ಮೆಶ್ ಹಾಕಿದರೆ ಬೇಕಾದ ಕಡೆ ಮಾತ್ರ 4 ಇದ್ದದ್ದು 2, ಆಮೇಲೆ 1 ಆಗುತ್ತದೆ. ಇದನ್ನು ಬೋರ್ಡ್ ಮೇಲೆ ಬರೆದು ತೋರಿಸಿದ್ದು ಚೆನ್ನಾಗಿತ್ತು.

ಸ್ಪ್ರಿಂಗ್‌ಬ್ಯಾಕ್ (ಒತ್ತಡ ಬಿಟ್ಟಮೇಲೆ ಶೀಟು ಸ್ವಲ್ಪ ಹಿಂದಕ್ಕೆ ಬರುವುದು) ಪಾಠವೂ ಪರವಾಗಿಲ್ಲ. ಲೆಕ್ಕದ ವಿಧಾನ ಎರಡು: ಫಾರ್ಮಿಂಗ್ ಎಕ್ಸ್‌ಪ್ಲಿಸಿಟ್‌ನಲ್ಲಿ, ಸ್ಪ್ರಿಂಗ್‌ಬ್ಯಾಕ್ ಇಂಪ್ಲಿಸಿಟ್‌ನಲ್ಲಿ. ಶೆಲ್‌ನ (ತೆಳು ಶೀಟಿನ ಎಲಿಮೆಂಟ್) ದಪ್ಪದಲ್ಲಿ ಇಂಟಿಗ್ರೇಶನ್ ಪಾಯಿಂಟ್, ಅಂದರೆ ಒತ್ತಡ ಲೆಕ್ಕ ಹಾಕುವ ಬಿಂದು, ಡೀಫಾಲ್ಟ್ 2 ಹಾಗೇ ಬಿಟ್ಟರೆ ಉತ್ತರ ಕೈಕೊಡುತ್ತದೆ, ಕನಿಷ್ಠ 5, ಸಾಧ್ಯವಾದರೆ 7 ಇಡಿ. ಸ್ಟೀಲ್‌ನ ಯಂಗ್ಸ್ ಮಾಡ್ಯುಲಸ್ (ಬಿಗಿತದ ಅಳತೆ) ಸುಮಾರು 210 ಜಿಪಿಎ, ಅಲ್ಯೂಮಿನಿಯಂನದ್ದು 70. ಅಷ್ಟೇ ಸ್ಟ್ರೆಂತ್ ಇದ್ದರೂ ಅಲ್ಯೂಮಿನಿಯಂ ಹೆಚ್ಚು ಕಡಿಮೆ ಮೂರು ಪಟ್ಟು ಹಿಂದಕ್ಕೆ ಹೋಗುತ್ತದೆ.

ಕ್ಲಾಸ್ ಸೋತಿರುವುದು ಮೆಟೀರಿಯಲ್ ವಿಷಯದಲ್ಲಿ. ಎಲ್ಲರಿಗೂ ಒಂದೇ ರೆಡಿ ಇಡಿಡಿ (ಆಳವಾಗಿ ಎಳೆಯಬಹುದಾದ ಮೆತ್ತನೆ ಸ್ಟೀಲ್) ಕಾರ್ಡ್, ಅಂದರೆ ಮೆಟೀರಿಯಲ್ ಅಂಕಿಗಳ ಫೈಲ್ ಕೊಟ್ಟು ಕೈ ತೊಳೆದುಕೊಂಡರು. ರೋಲಿಂಗ್ ದಿಕ್ಕಿಗೆ 0, 45, 90 ಡಿಗ್ರಿಯಲ್ಲಿ ಸ್ಯಾಂಪಲ್ ಎಳೆಸಿ ಆರ್ ವ್ಯಾಲ್ಯೂ (ಎಳೆದಾಗ ಶೀಟು ತೆಳುವಾಗದೆ ತಡೆಯುವ ಗುಣ) ಹೇಗೆ ತೆಗೆಯಬೇಕು ಅನ್ನುವುದು ಎರಡು ಸ್ಲೈಡ್‌ಗೆ ಮುಗಿದೇ ಹೋಯಿತು. ಕಾಯಿಲ್ (ಶೀಟಿನ ಸುರುಳಿ) ಬದಲಾದ ದಿನ ಪ್ರೆಸ್ ಹತ್ತಿರ ನಿಂತವರಿಗೆ ಗೊತ್ತು ಇದು ಎಷ್ಟು ಮುಖ್ಯ ಅಂತ. ಫ್ರಿಕ್ಷನ್‌ಗೂ ಅಷ್ಟೇ, ಎಣ್ಣೆ ಯಾವುದು ಅಂತ ಕೇಳದೆ 0.125 ತುಂಬಿಸಿದರು.

ಲೈಸೆನ್ಸ್ ಕಡಿಮೆ, ಮಧ್ಯಾಹ್ನದ ಬ್ಯಾಚ್‌ನಲ್ಲಿ ಸರದಿ ಕಾಯಬೇಕು. ಬೆಳಗಿನದ್ದೇ ಕೇಳಿ ತೆಗೆದುಕೊಳ್ಳಿ. ನಿಮ್ಮದೇ ಪಾರ್ಟ್‌ನ ಫೈಲ್ ಒಯ್ದರೆ ಸರ್ ಬೇಡ ಅನ್ನುವುದಿಲ್ಲ. ಕಸ್ಟಮರ್ ಡ್ರಾಯಿಂಗ್ ಆಗಿದ್ದರೆ ಮಾತ್ರ ಮೊದಲು ನಿಮ್ಮ ಸಾಹೇಬರನ್ನು ಒಂದು ಮಾತು ಕೇಳಿ.