ಏರ್‌ಪೋರ್ಟ್‌ನಿಂದ ‘ಲೇಓವರ್ ಜೂ ಟ್ರಿಪ್’ ಅಂತ ಯಾರಾದರೂ ಹೇಳಿದರೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ

ಚಿಕ್ಕಬಳ್ಳಾಪುರ, ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೊರದೇಶದಲ್ಲಿರುವ ಮಕ್ಕಳು, ಅಕ್ಕತಂಗಿಯರು ಬೆಂಗಳೂರಲ್ಲಿ ಇಳಿದು, ಮುಂದಿನ ವಿಮಾನಕ್ಕೆ ಇಡೀ ದಿನ ಕಾಯುವುದು, ಅಂದರೆ ಲೇಓವರ್, ಈಗ ನಮ್ಮ ಕಡೆ ಮನೆಮನೆಯ ಕಥೆ. ಆ ಸಮಯವನ್ನೇ ಹಿಡಿದುಕೊಂಡು ದುಡ್ಡು ಮಾಡುವವರು ಹುಟ್ಟಿಕೊಂಡಿದ್ದಾರೆ. ನಮ್ಮೂರಿನವನೇ ಅಲ್ವಾ, ಬಸ್ ಸ್ಟ್ಯಾಂಡ್ ಹತ್ತಿರವೇ ಆಫೀಸ್ ಇದೆ ಅಲ್ವಾ ಅಂತ ನಂಬಬೇಡಿ. ನಮಗೆ ಟೋಪಿ ಹಾಕಿದವನು ನಮ್ಮೂರಿನವನೇ. ದೂರು ಕೊಟ್ಟಿರುವುದರಿಂದ ಹೆಸರು ಹಾಕುತ್ತಿಲ್ಲ. ನಡೆದದ್ದನ್ನು ಮಾತ್ರ ನಡೆದ ಹಾಗೇ ಬರೆಯುತ್ತೇನೆ.

ನಮ್ಮ ಅಕ್ಕ, ಭಾವ, ಇಬ್ಬರು ಮಕ್ಕಳು ಮಸ್ಕತ್‌ನಿಂದ ಬರುವವರಿದ್ದರು. ಭಾವನ ಊರು ಹುಬ್ಬಳ್ಳಿ. ಬೆಳಗಿನ ಜಾವ ಬೆಂಗಳೂರಲ್ಲಿ ಇಳಿದರೆ ಹುಬ್ಬಳ್ಳಿಗೆ ವಿಮಾನ ಸಂಜೆಗೆ. ಭಾವನ ಆಫೀಸಿನವರೊಬ್ಬರು ಸಿಂಗಾಪುರದಲ್ಲಿ ವಿಮಾನ ಬದಲಿಸುವಾಗ ಮಕ್ಕಳಿಗೆ ಅಲ್ಲಿನ ನೈಟ್ ಸಫಾರಿ ತೋರಿಸಿಕೊಂಡು ಬಂದಿದ್ದರಂತೆ. ಅದು 1994ರಲ್ಲೇ ಶುರುವಾದ, ರಾತ್ರಿ ಹೊತ್ತೇ ತೆರೆಯುವ ಜೂ. ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಅರ್ಧ ಗಂಟೆ ಚಿಲ್ಲರೆ. ನಮ್ಮವರಿಗೆ ಹೊರಗೆ ಕಾಲಿಡುವುದಕ್ಕೆ ಅಲ್ಲಿನ ವೀಸಾ ಬೇಕು ಅನ್ನುವುದೊಂದು ಬಿಟ್ಟರೆ ಬಾಕಿಯೆಲ್ಲಾ ಸಲೀಸು. ಈ ಕಥೆ ಕೇಳಿದಾಗಿನಿಂದ ಅಕ್ಕನ ಮಗನದು ಒಂದೇ ಹಟ, ನನಗೂ ಹುಲಿ ನೋಡಬೇಕು ಅಂತ.

ಸರಿ, ಇಲ್ಲಿ ಬನ್ನೇರುಘಟ್ಟ ಇದೆಯಲ್ಲ. ಲಗೇಜ್ ಜಾಸ್ತಿ, ಜನ ಜಾಸ್ತಿ, ಅಮ್ಮನೂ ಬರುತ್ತೇನೆ ಅಂದರು. ನನ್ನ ಸಣ್ಣ ಕಾರಲ್ಲಿ ಆಗುವುದಿಲ್ಲ ಅಂತ ಈ ಟೂರ್ ಆಫೀಸಿನವನ ಹತ್ತಿರ ಹೋದೆ. ಬಾಗಿಲಲ್ಲೇ ದೊಡ್ಡ ಫ್ಲೆಕ್ಸ್. ಹುಲಿ, ಸಿಂಹ, ಜಾಲರಿ ಹಾಕಿದ ಸಫಾರಿ ಬಸ್ಸು. ‘ಏರ್‌ಪೋರ್ಟ್ ಲೇಓವರ್ ಜೂ ಟೂರ್, ಪಿಕಪ್, ಸಫಾರಿ, ಊಟ, ಡ್ರಾಪ್.’ 9,000 ರೂಪಾಯಿ ಅಂದ. ಅರ್ಧ ಅಡ್ವಾನ್ಸ್.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಅವರು ಬರುವುದು ಮಂಗಳವಾರ. ಬನ್ನೇರುಘಟ್ಟಕ್ಕೆ ಮಂಗಳವಾರ ವಾರದ ರಜೆ ಅಂತ ನನಗೂ ಗೊತ್ತಿತ್ತು. ಕೇಳಿಯೇ ಕೇಳಿದೆ. “ಮಂಗಳವಾರ ರಜೆ ಅಲ್ವಾ?” ಅಂದೆ. ಅವನು ಕ್ಯಾಲೆಂಡರ್ ಕಡೆ ತಿರುಗಿಯೂ ನೋಡಲಿಲ್ಲ. “ಅಣ್ಣಾ, ರಜೆ ಜೂಗೆ ಮಾತ್ರ. ಸಫಾರಿ ನಡೀತಾ ಇರುತ್ತೆ. ವಾರ ವಾರ ಪಾರ್ಟಿ ಕಳಿಸ್ತೀನಿ, ನನಗೆ ಗೊತ್ತಿಲ್ವಾ?” ಅಂದ. ಹಬ್ಬದ ರಜೆಗಳಲ್ಲಿ ಒಮ್ಮೊಮ್ಮೆ ಮಂಗಳವಾರವೂ ತೆರೆಯುವುದುಂಟು, ಹಾಗಾಗಿ ಇದೂ ಇರಬಹುದು ಅನ್ನಿಸುವ ಹಾಗೆ ಹೇಳಿದ. ಮನೆಗೆ ಬಂದ ಮೇಲೆ ವಾಟ್ಸಾಪಲ್ಲಿ ಮತ್ತೆ ಕೇಳಿದೆ. ವಾಯ್ಸ್ ಮೆಸೇಜ್ ಬಂತು: “ಬನ್ನೇರುಘಟ್ಟ ಸಫಾರಿ ಕನ್ಫರ್ಮ್ ಅಣ್ಣ, ಟೆನ್ಷನ್ ತಗೋಬೇಡಿ.” ಅದನ್ನು ಹಾಗೇ ಅಕ್ಕನಿಗೆ ಫಾರ್ವರ್ಡ್ ಮಾಡಿದೆ. ಈ ಫಾರ್ವರ್ಡ್ ವಿಷಯ ಆಮೇಲೆ ಹೇಳುತ್ತೇನೆ.

ಆವತ್ತು ಬೆಳಿಗ್ಗೆ ಅಕ್ಕನವರು ಹೊರಗೆ ಬರುವಷ್ಟರಲ್ಲೇ ತಡವಾಯಿತು. ವಿದೇಶದಿಂದ ಬಂದವರು ಬೆಂಗಳೂರಲ್ಲೇ ಇಮಿಗ್ರೇಷನ್ ಮುಗಿಸಿ, ಬೆಲ್ಟ್ ಹತ್ತಿರ ನಿಂತು ಲಗೇಜ್ ತಗೊಂಡು, ಕಸ್ಟಮ್ಸ್ ದಾಟಿ ಬರಬೇಕು. ಲೇಓವರ್ ಇಷ್ಟು ಗಂಟೆ ಅಂತ ಟಿಕೆಟ್ ನೋಡಿ ಲೆಕ್ಕ ಹಾಕುವವರು ಇದನ್ನು ಮರೆಯುತ್ತಾರೆ. ಅದಿರಲಿ. ಬಂದ ಗಾಡಿ ನೋಡಿದರೆ ವೈಟ್ ಬೋರ್ಡ್! ಬಾಡಿಗೆಗೆ ಹಳದಿ ಬೋರ್ಡ್ ಗಾಡಿಯೇ ಇರಬೇಕು ಅಂತ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಏನಾದರೂ ಆದರೆ ಇನ್ಶೂರೆನ್ಸ್ ಕಥೆ ಏನು? ಡ್ರೈವರ್‌ನನ್ನು ಕೇಳಿದರೆ “ಓನರ್‌ನ ಕೇಳಿ ಸಾರ್” ಅಂದ. ಪಾರ್ಕಿಂಗ್‌ನಿಂದ ಗಾಡಿ ತೆಗೆಯುವುದಕ್ಕೆ ಮೊದಲೇ ಡೀಸೆಲ್ ಹಾಕಿಸಬೇಕು ಅಂತ ಬಾಕಿ 4,500 ಇಸ್ಕೊಂಡ. ಪುಟ್ಟ ಹುಡುಗಿ ನಿದ್ದೆಗಣ್ಣಲ್ಲಿ ಅಳುತ್ತಿದ್ದಳು, ಭಾವ ಸೂಟ್‌ಕೇಸ್ ಎತ್ತಿ ಇಡುತ್ತಿದ್ದರು. ಅಲ್ಲಿ ನಿಂತು ಜಗಳ ಮಾಡುವ ಹೊತ್ತಾ ಅದು?

ಬನ್ನೇರುಘಟ್ಟ ಅಂದರೆ ಊರಿನ ಆ ತುದಿ. ಏರ್‌ಪೋರ್ಟ್ ಉತ್ತರಕ್ಕೆ, ಅದು ದಕ್ಷಿಣಕ್ಕೆ. 50 ಕಿಲೋಮೀಟರಿಗೂ ಜಾಸ್ತಿ, ನಡುವೆ ಇಡೀ ಬೆಂಗಳೂರು. ಗಾಡಿ ಹೆಬ್ಬಾಳದ ಕಡೆ ಹೋಗಬೇಕು. ಡ್ರೈವರ್ ಸ್ವಲ್ಪ ದೂರ ಬಂದು ಹೈವೇ ಬಿಟ್ಟು ಒಳಗಿನ ರಸ್ತೆಗೆ ತಿರುಗಿಸಿದ. “ಇದ್ಯಾಕಪ್ಪಾ ಈ ಕಡೆ?” ಅಂದೆ. “ಹೆಬ್ಬಾಳ ಫುಲ್ ಜಾಮ್ ಸಾರ್, ಒಳಗಡೆಯಿಂದ ಹೋಗಿ ರಿಂಗ್ ರೋಡ್ ಸೇರ್ಕೊಳ್ಳೋಣ.” ಹೆಬ್ಬಾಳದ ಜಾಮ್ ಅಂದರೆ ಯಾರು ತಾನೇ ಇಲ್ಲ ಅನ್ನುತ್ತಾರೆ?

ದ್ರಾಕ್ಷಿ ತೋಟ, ಲೇಔಟ್ ಕಲ್ಲುಗಳು, ಒಂದು ಕೋಳಿ ಫಾರಂ ದಾಟಿ ಗಾಡಿ ಒಂದು ಕಬ್ಬಿಣದ ಗೇಟಿನ ಮುಂದೆ ನಿಂತಿತು. ‘ಮಿನಿ ಜೂ’ ಅಂತ ಬಟ್ಟೆ ಬ್ಯಾನರ್, ಅದರ ಮೇಲೆ ಒಂದು ಹುಲಿ ಚಿತ್ರ. ನಾನು ಟಾಯ್ಲೆಟ್‌ಗೋ ಟೀಗೋ ನಿಲ್ಲಿಸಿದ ಅಂದುಕೊಂಡೆ. ಅಷ್ಟರಲ್ಲಿ ಗೇಟಿನ ಹುಡುಗ ಕಿಟಕಿ ಹತ್ತಿರ ಬಂದು, ನಗುನಗುತ್ತಾ, “ಏರ್‌ಪೋರ್ಟ್ ಪಾರ್ಟಿನಾ ಸಾರ್? ಆರು ಜನ ಅಂತ ನಿನ್ನೆನೇ ಹೇಳಿದ್ರು” ಅಂದ.

ನಿನ್ನೆನೇ ಹೇಳಿದ್ರು! ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ. ಅಂದರೆ ಬೆಳಿಗ್ಗೆ ಏನೋ ಎಡವಟ್ಟಾಗಿ ಇಲ್ಲಿಗೆ ಬಂದದ್ದಲ್ಲ. ದಾರಿಯಲ್ಲಿ ಜಾಮ್ ಆಗಿ ಬಂದದ್ದಲ್ಲ. ನಿನ್ನೆಯೇ ಲೆಕ್ಕ ಕೊಟ್ಟಿದ್ದಾನೆ, ಆರು ತಲೆ ಅಂತ. ಅದಕ್ಕೂ ಮೊದಲು ನನ್ನ ಕಣ್ಣಲ್ಲಿ ಕಣ್ಣಿಟ್ಟು ಸಫಾರಿ ನಡೀತಾ ಇರುತ್ತೆ ಅಂದಾಗಲೇ ಅವನಿಗೆ ಗೊತ್ತಿತ್ತು. “ಮಂಗಳವಾರ ಎಲ್ಲಾ ಇಲ್ಲಿಗೇ ಕರ್ಕೊಂಡು ಬರ್ತಾರೆ ಸಾರ್” ಅಂತ ಆ ಹುಡುಗನೇ ಹೇಳಿದ. ಪಾಪ, ಅವನಿಗೆ ಏನೂ ಗೊತ್ತಿಲ್ಲ. ಹಿಂದಿನ ಸೀಟಲ್ಲಿ ಭಾವ ಕೇಳಿಸಿಕೊಳ್ಳುತ್ತಿದ್ದಾರೆ. ಅಕ್ಕ ಕೇಳಿಸಿಕೊಳ್ಳುತ್ತಿದ್ದಾಳೆ. ನಾನು ಹಿಂದಕ್ಕೆ ತಿರುಗಲಿಲ್ಲ. ವರ್ಷಕ್ಕೊಮ್ಮೆ ಬರುವ ಭಾವನ ಮುಂದೆ ತಲೆ ತಗ್ಗಿಸುವ ಹಾಗೆ ಮಾಡಿದ.

ಅಲ್ಲೇ ಮೊಬೈಲಲ್ಲಿ ಪಾರ್ಕಿನ ವೆಬ್‌ಸೈಟ್ ತೆಗೆದು ನೋಡಿದೆ. ಮಂಗಳವಾರ ಜೂ ಇಲ್ಲ, ಸಫಾರಿ ಇಲ್ಲ, ಚಿಟ್ಟೆ ಪಾರ್ಕ್ ಕೂಡ ಇಲ್ಲ. ಎಲ್ಲಕ್ಕೂ ರಜೆ.

ಮಕ್ಕಳು ಅಷ್ಟರಲ್ಲಿ ಇಳಿದು ಒಳಗೆ ಓಡಿದ್ದರು. ಒಳಗೆ ಏನಿತ್ತು ಗೊತ್ತಾ? ಮೊಲ, ಟರ್ಕಿ ಕೋಳಿ, ರೆಕ್ಕೆಯ ಹತ್ತಿರ ಪುಕ್ಕ ಉದುರಿದ ಎರಡು ಎಮು. ಒಂದು ಕೋಳಿ ಪಂಜರದಲ್ಲಿ ಹಸಿರು ಗಿಳಿಗಳು, ನಮ್ಮ ತೋಟದಲ್ಲಿ ಮೆಕ್ಕೆಜೋಳ ತಿನ್ನಲು ಬರುತ್ತವಲ್ಲ, ಅದೇ ಗಿಳಿ. ಪಕ್ಕದಲ್ಲಿ ಬಟ್ಟೆ ನೆನೆಸುವ ನೀಲಿ ಟಬ್. ಅದರ ತಳದಲ್ಲಿ ಪಾಚಿಗಟ್ಟಿದ ನೀರು, ಬಾಡಿದ ಎಲೆಕೋಸಿನ ಸಿಪ್ಪೆ, ಬೆನ್ನ ಮೇಲೆ ನಕ್ಷತ್ರದಂಥ ಗೆರೆ ಇರುವ ಮೂರು ಆಮೆ. ಒಂದು ಆಮೆ ಮುಂಗಾಲೆತ್ತಿ ಟಬ್ಬಿನ ಗೋಡೆಯನ್ನು ಕೆರೆಯುತ್ತಲೇ ಇತ್ತು, ಜಾರಿ ಬೀಳುತ್ತಿತ್ತು, ಮತ್ತೆ ಕೆರೆಯುತ್ತಿತ್ತು. ಮೇಲೆ ಒಂದು ರಟ್ಟು: ‘ಕೈಯಲ್ಲಿ ಹಿಡಿದು ಫೋಟೋ 50 ರೂ.’ ನೆಲದ ಮೇಲೆ ಬದುಕುವ ಪ್ರಾಣಿ ಅದು. ಅದನ್ನು ನೀರಲ್ಲಿ ಇಟ್ಟಿದ್ದಾರೆ. ಆ ಜಾತಿಯ ಆಮೆಯನ್ನಾಗಲಿ, ನಮ್ಮ ಹಸಿರು ಗಿಳಿಯನ್ನಾಗಲಿ ಹಿಡಿದು ಸಾಕುವುದೇ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಜೂ ಅಂತ ನಡೆಸಬೇಕಾದರೆ ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಇರಲೇಬೇಕು. ಮಾನ್ಯತೆ ಪತ್ರ ತೋರಿಸಪ್ಪಾ ಅಂದರೆ “ಓನರ್ ಇಲ್ಲ ಸಾರ್.” ಇಲ್ಲೂ ಓನರ್ ಇಲ್ಲ!

“ಮಾಮ, ಹುಲಿ ಎಲ್ಲಿ?” ಅಂತ ಅಕ್ಕನ ಮಗ ಕೇಳಿದ. ಬ್ಯಾನರ್ ಮೇಲೆ ಇತ್ತಲ್ಲ, ಒಳಗಡೆ ಎಲ್ಲೋ ಇರುತ್ತದೆ ಅಂತ ಹಿಂದುಗಡೆಯ ದನದ ಕೊಟ್ಟಿಗೆವರೆಗೂ ಹೋಗಿ ನೋಡಿಕೊಂಡು ಬಂದಿದ್ದಾನೆ.

ಆಮೇಲೆ ಆ ಟೂರ್ ಆಫೀಸಿನವನಿಗೆ ಫೋನ್. ಇವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ, ನೀವೇ ಓದಿ.

“ಸಾರ್, ಜೂ ಅಂದ್ರೆ ಪ್ರಾಣಿ ಪಕ್ಷಿ ಇರೋ ಜಾಗ. ಅಲ್ಲಿ ಇದಾವಲ್ಲ, ಮತ್ತೇನು?”

ಬನ್ನೇರುಘಟ್ಟ ಅಂದಿದ್ದೆಯಲ್ಲಪ್ಪಾ ಅಂದೆ. “ರಸೀದಿ ನೋಡಿ ಸಾರ್. ಬನ್ನೇರುಘಟ್ಟ ಅಂತ ಎಲ್ಲಿ ಬರೆದಿದೀನಿ?” ರಸೀದಿಯಲ್ಲಿ ‘ಜೂ + ಸಫಾರಿ’ ಅಂತ ಮಾತ್ರ ಇತ್ತು. ಆಗಲೇ ಯೋಚನೆ ಮಾಡಿ ಬರೆದಿದ್ದಾನೆ.

ಸಫಾರಿ ಎಲ್ಲಿ ಅಂದೆ. “ತೋಟದಲ್ಲಿ ಎತ್ತಿನ ಗಾಡಿ ರೌಂಡ್ ಇದೆ ಸಾರ್, ಅದೇ ಸಫಾರಿ. ಮಕ್ಕಳು ತುಂಬಾ ಎಂಜಾಯ್ ಮಾಡ್ತಾರೆ.”

ಎತ್ತಿನ ಗಾಡಿ! ಚಿಕ್ಕಬಳ್ಳಾಪುರದವನಿಗೆ ಎತ್ತಿನ ಗಾಡಿ ತೋರಿಸಲು 9,000 ರೂಪಾಯಿ!

ದುಡ್ಡು ವಾಪಸ್ ಕೊಡು ಅಂದೆ. “ಗಾಡಿ ಬಂದಿದೆ, ಡ್ರೈವರ್ ಬಂದಿದಾನೆ, ಯಾವ ರಿಫಂಡ್ ಸಾರ್?” ಹೋಗಲಿ, ಇದೇ ಗಾಡಿಯಲ್ಲಿ ನಂದಿ ಗ್ರಾಮಕ್ಕಾದರೂ ಕರ್ಕೊಂಡು ಹೋಗಲಿ, ಭೋಗನಂದೀಶ್ವರನ ದರ್ಶನ ಮಾಡಿಸಿ, ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆ ತೋರಿಸುತ್ತೇನೆ ಅಂದೆ. ಎಲ್ಲಾ ಹತ್ತಿರದಲ್ಲೇ ಇದೆ. “ಅದು ಬೇರೆ ಪ್ಯಾಕೇಜ್ ಸಾರ್, 3,000 ಎಕ್ಸ್‌ಟ್ರಾ ಆಗುತ್ತೆ.” ಭಾವ ನನ್ನ ಕೈಯಿಂದ ಫೋನ್ ತಗೊಂಡು ಕಟ್ ಮಾಡಿದರು. “ಇರ್ಲಿ ಬಿಡಪಾ, ಆಗಿದ್ದು ಆತು” ಅಂದರು. ಅವರು ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಆಮೇಲಿನದು ಹೆಚ್ಚೇನಿಲ್ಲ. ಪ್ಯಾಕೇಜಿನ ಊಟ ಅಂತ ಒಬ್ಬೊಬ್ಬರಿಗೆ ಒಂದು ಪೊಟ್ಟಣ ತಣ್ಣಗಿನ ಚಿತ್ರಾನ್ನ. ಮಧ್ಯಾಹ್ನಕ್ಕೆ ಮೊದಲೇ ಡ್ರೈವರ್ ನಮ್ಮನ್ನು ಏರ್‌ಪೋರ್ಟ್‌ಗೆ ತಂದು ಇಳಿಸಿ ಹೊರಟೇ ಹೋದ. ಸಂಜೆವರೆಗೂ ಸೂಟ್‌ಕೇಸ್‌ಗಳ ಮಧ್ಯೆ, ಮಂಡಿನೋವಿನ ಅಮ್ಮನನ್ನು ಕೂರಿಸಿಕೊಂಡು ಕಾದೆವು. ಅಮ್ಮ ಡಬ್ಬಿಯಲ್ಲಿ ತಂದಿದ್ದ ನಿಪ್ಪಟ್ಟೇ ಮಕ್ಕಳ ಊಟ. ಚಿಕ್ಕಬಳ್ಳಾಪುರದ ಮನೆಗೇ ಹೋಗಿದ್ದರೆ ಅಮ್ಮನ ಕೈಯ ಬಿಸಿ ಊಟ ಮಾಡಿ, ಮಕ್ಕಳು ಮಲಗಿ ಎದ್ದು ಆರಾಮಾಗಿ ಬರಬಹುದಿತ್ತು. ಅಕ್ಕ ಅಮ್ಮನ ಜೊತೆ ಕಳೆಯಬೇಕಾದ ಒಂದು ಇಡೀ ದಿನವನ್ನೇ ಕಿತ್ತುಕೊಂಡ. ದುಡ್ಡಿಗಿಂತ ನನಗೆ ಸಿಟ್ಟು ಅದಕ್ಕೇ.

ಮಾರನೇ ದಿನ ಅವನ ಆಫೀಸಿಗೆ ಹೋದೆ. ಹೋಗುವ ಮೊದಲು ವಾಟ್ಸಾಪ್ ತೆಗೆದರೆ, ಆ ವಾಯ್ಸ್ ಮೆಸೇಜ್ ಇಲ್ಲ. ‘ಈ ಮೆಸೇಜ್ ಅಳಿಸಲಾಗಿದೆ.’ ಅಳಿಸಿಬಿಟ್ಟಿದ್ದಾನೆ! ಆದರೆ ಅಕ್ಕನಿಗೆ ನಾನು ಮಾಡಿದ್ದ ಫಾರ್ವರ್ಡ್ ಹಾಗೇ ಇದೆ. ಅದನ್ನು ಅವನ ಮುಂದೆಯೇ ಜೋರಾಗಿ ಹಾಕಿದೆ. ಅವನದೇ ಗಂಟಲು: ಬನ್ನೇರುಘಟ್ಟ ಸಫಾರಿ ಕನ್ಫರ್ಮ್ ಅಣ್ಣ. ಕೇಳಿ ಒಂದು ನಿಮಿಷ ಸುಮ್ಮನಿದ್ದ. ಆಮೇಲೆ “ಸಾವಿರ ರೂಪಾಯಿ ಕೊಡ್ತೀನಿ, ಇಲ್ಲಿಗೇ ಬಿಡಿ. ಊರಲ್ಲಿ ಸುಮ್ನೆ ಹೆಸರು ಕೆಡಿಸಬೇಡಿ” ಅಂದ. ಹೆಸರು ಕೆಡಿಸುವ ಕೆಲಸ ಮಾಡಿದ್ದು ಯಾರು? ಸಾವಿರ ತಗೊಳ್ಳಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಆಮೆ, ಗಿಳಿಗಳ ಫೋಟೋ ಅರಣ್ಯ ಇಲಾಖೆಗೆ ಕೊಟ್ಟಿದ್ದೇನೆ. ದುಡ್ಡು ಇನ್ನೂ ಬಂದಿಲ್ಲ.

ನೀವು ಮಾತ್ರ ಹೀಗೆ ಸಿಕ್ಕಿಹಾಕಿಕೊಳ್ಳಬೇಡಿ. ಬನ್ನೇರುಘಟ್ಟಕ್ಕೂ ಮೈಸೂರು ಜೂಗೂ ಮಂಗಳವಾರ ರಜೆ. ಇಲ್ಲ ಅಂತ ಯಾರು ಹೇಳಿದರೂ ಪಾರ್ಕಿನ ವೆಬ್‌ಸೈಟಲ್ಲಿ ಆ ದಿನದ ಟಿಕೆಟ್ ನೀವೇ ತೆಗೆಯಿರಿ. ಟಿಕೆಟ್ ಸಿಗಲಿಲ್ಲ ಅಂದರೆ ಸಫಾರಿ ಇಲ್ಲ ಅಂತಲೇ ಅರ್ಥ. ಏರ್‌ಪೋರ್ಟ್‌ನಿಂದ ಹಗಲು ಹೊತ್ತು ಹೋಗುವುದಕ್ಕೆ ಎರಡು ಗಂಟೆ, ಬರುವುದಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ, ಮಳೆ ಬಂದರೆ ಇನ್ನೂ ಜಾಸ್ತಿ. ಚೆಕ್‌ಇನ್ ಕೌಂಟರ್ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತಾರೆ, ಸೆಕ್ಯೂರಿಟಿ ಮತ್ತೆ ಮೊದಲಿನಿಂದ. ಕೈಯಲ್ಲಿ ಹತ್ತು ಗಂಟೆ ಇಲ್ಲದಿದ್ದರೆ ಜೂ ಆಸೆ ಬಿಡಿ. ವೈಟ್ ಬೋರ್ಡ್ ಗಾಡಿ ಬಂದರೆ ಹತ್ತಬೇಡಿ. ಬಾಕಿ ದುಡ್ಡು ಜಾಗ ತಲುಪಿದ ಮೇಲೆ ಕೊಡಿ. ರಸೀದಿಯಲ್ಲಿ ಜಾಗದ ಹೆಸರು ಬರೆಸಿ. ಬರೆಯಲ್ಲ ಅಂದವನ ಹತ್ತಿರ ಕೂರಲೂ ಬೇಡಿ.

ಈ ಸಲದ ದಸರಾ ರಜೆಗೆ ಅವನು ಮತ್ತೆ ಬುಕಿಂಗ್ ಶುರು ಮಾಡಿದ್ದಾನೆ ಅಂತ ನಮ್ಮ ಬೀದಿಯವರೇ ಹೇಳಿದರು. ಯಾರಾದರೂ ಈಗಾಗಲೇ ಅಡ್ವಾನ್ಸ್ ಕೊಟ್ಟಿದ್ದರೆ ಅವನ ಮೆಸೇಜುಗಳನ್ನೆಲ್ಲಾ ಇವತ್ತೇ ಇನ್ನೊಂದು ಫೋನಿಗೆ ಫಾರ್ವರ್ಡ್ ಮಾಡಿ ಇಟ್ಟುಕೊಳ್ಳಿ. ನನ್ನ ಹಾಗೆ ದುಡ್ಡು ಕಳೆದುಕೊಂಡವರು ಇದ್ದರೆ 1915ಕ್ಕೆ ನೀವೂ ಫೋನ್ ಮಾಡಿ, ನಾನೊಬ್ಬನೇ ದೂರು ಕೊಟ್ಟರೆ ಸಾಲದು.