ಅಂಚಿನ ತುಂಬ ಟಿಪ್ಪಣಿ, ನಡುವೆ ಆಲಿಸ್

ಮಾರ್ಟಿನ್ ಗಾರ್ಡ್ನರ್ ಟಿಪ್ಪಣಿ ಬರೆದಿರುವ ‘ದಿ ಆ್ಯನೊಟೇಟೆಡ್ ಆಲಿಸ್’ ಎಂಬ ಈ ದಪ್ಪ ಪುಸ್ತಕವನ್ನು ಕೊಂಡದ್ದು ಮನೆಯ ಮಕ್ಕಳಿಗಾಗಿ ಅಲ್ಲ. ನನ್ನ ಮಗ ಓದು ಮುಗಿಸಿ ಕೆಲಸಕ್ಕೆ ಸೇರಿಯಾಗಿದೆ. ಕೊಂಡದ್ದು ತರಗತಿಗಾಗಿ. ತುಮಕೂರು ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಐಚ್ಛಿಕ ಇಂಗ್ಲಿಷ್ ಪಾಠ ಮಾಡುತ್ತೇನೆ. ಪಠ್ಯ ಗೊತ್ತು ಮಾಡುವವರು ವಿಶ್ವವಿದ್ಯಾಲಯದವರು. ನಮ್ಮ ಕೈಯಲ್ಲಿರುವುದು ಆಂತರಿಕ ಅಂಕದ ಅಸೈನ್‌ಮೆಂಟ್ ಮಾತ್ರ. ಅದಕ್ಕೆ ಲೂಯಿಸ್ ಕ್ಯಾರಲ್‌ನ ಆಲಿಸ್ ಕಥೆ ಕೊಡೋಣ ಎಂದಾಗ ವಿಭಾಗದ ಹಿರಿಯರೊಬ್ಬರು, ‘ಏನು ಮೇಡಂ, ಡಿಗ್ರಿ ಹುಡುಗರಿಗೆ ಮೊಲದ ಕಥೆಯೇ? ಷೇಕ್ಸ್‌ಪಿಯರ್ ಮುಗಿಸುವುದಕ್ಕೇ ಪುರುಸೊತ್ತಿಲ್ಲ’ ಎಂದರು. ವಾದ ಮಾಡುವ ಬದಲು ಗಟ್ಟಿ ರಟ್ಟಿನ ಈ ಪುಸ್ತಕವನ್ನು ತರಿಸಿ ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟೆ.

ನನ್ನ ಬಳಿ ಇರುವುದು ನಾರ್ಟನ್ ಸಂಸ್ಥೆ 1999ರಲ್ಲಿ ಹೊರತಂದ ಆವೃತ್ತಿ. ಗಾರ್ಡ್ನರ್ ಮೊದಲು 1960ರಲ್ಲಿ ಒಂದು ಸಟೀಕ ಆವೃತ್ತಿ ಮಾಡಿದರು, 1990ರಲ್ಲಿ ಹೊಸ ಟಿಪ್ಪಣಿಗಳ ಇನ್ನೊಂದು ಸಂಪುಟ ತಂದರು. ಇದರಲ್ಲಿ ಎರಡೂ ಸೇರಿವೆ. 1865ರ ಮೊದಲ ಕಥೆ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಮತ್ತು 1871ರ ಕನ್ನಡಿಯ ಕಥೆ ‘ಥ್ರೂ ದ ಲುಕಿಂಗ್ ಗ್ಲಾಸ್’ ಎರಡೂ ಪೂರ್ತಿಯಾಗಿವೆ. ಪುಟದ ಒಂದು ಕಡೆ ಕಥೆ, ಅಗಲವಾದ ಅಂಚಿನಲ್ಲಿ ಟಿಪ್ಪಣಿ. ಟಿಪ್ಪಣಿಯ ಅಕ್ಷರ ಸಣ್ಣದು. ಚಾಳೀಸು ದಾಟಿದವರು ಕನ್ನಡಕ ಹುಡುಕಿಕೊಂಡೇ ಕೂರಬೇಕು. ಜಾನ್ ಟೆನಿಯಲ್‌ನ ಚಿತ್ರಗಳು ಮಾತ್ರ ಗೆರೆಗೆರೆಯೂ ಕಾಣುವಂತೆ ಅಚ್ಚಾಗಿವೆ. 1865ರಲ್ಲಿ ತನ್ನ ಚಿತ್ರಗಳ ಮುದ್ರಣ ಸರಿಬಂದಿಲ್ಲವೆಂದು ಟೆನಿಯಲ್ ತಕರಾರು ತೆಗೆದು ಮೊದಲ ಮುದ್ರಣವನ್ನೇ ಹಿಂದಕ್ಕೆ ಪಡೆಯುವಂತೆ ಮಾಡಿದ್ದನಂತೆ. ಇದನ್ನು ನೋಡಿದ್ದರೆ ಒಪ್ಪುತ್ತಿದ್ದನೇನೋ. ಆನ್‌ಲೈನ್ ಅಂಗಡಿಯವರು ಬರೀ ತೆಳ್ಳನೆಯ ಪ್ಲಾಸ್ಟಿಕ್ ಚೀಲದಲ್ಲಿ ಕಳಿಸಿದ್ದರಿಂದ ಮೂಲೆ ನಜ್ಜಾಗಿ ಬಂತು, ಆ ಮಾತು ಬೇರೆ.

ಗಾರ್ಡ್ನರ್ ಇಂಗ್ಲಿಷ್ ಪ್ರಾಧ್ಯಾಪಕರಲ್ಲ. ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಗಣಿತದ ಆಟಗಳ ಅಂಕಣವನ್ನು ಸುಮಾರು ಕಾಲು ಶತಮಾನ ಬರೆದವರು. ಕ್ಯಾರಲ್ ಕೂಡ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನ ಗಣಿತದ ಮೇಷ್ಟ್ರು, ನಿಜ ಹೆಸರು ಚಾರ್ಲ್ಸ್ ಡಾಡ್ಜ್‌ಸನ್. ಹಾಗಾಗಿ ಸಾಹಿತ್ಯದವರು ನಕ್ಕು ಮುಂದೆ ಹೋಗುವ ಕಡೆ ಗಾರ್ಡ್ನರ್ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಎರಡನೆಯ ಅಧ್ಯಾಯದಲ್ಲಿ ಆಲಿಸ್ ತಾನು ತಾನೇ ಹೌದೋ ಅಲ್ಲವೋ ಎಂದು ನೋಡಿಕೊಳ್ಳಲು ಮಗ್ಗಿ ಹೇಳುತ್ತಾಳೆ: ನಾಲ್ಕು ಐದಲಿ ಹನ್ನೆರಡು, ನಾಲ್ಕು ಆರಲಿ ಹದಿಮೂರು, ಅಯ್ಯೋ, ಹೀಗಾದರೆ ಇಪ್ಪತ್ತು ಮುಟ್ಟುವುದೇ ಇಲ್ಲ. ಮಗುವಿನ ತೊದಲು ಎಂದುಕೊಂಡು ಬಿಟ್ಟಿದ್ದೆವಲ್ಲ? ಇಂಗ್ಲಿಷ್ ಮಗ್ಗಿ ಹನ್ನೆರಡಕ್ಕೆ ನಿಲ್ಲುತ್ತದೆ, ಈ ಲೆಕ್ಕದಲ್ಲಿ ನಾಲ್ಕು ಹನ್ನೆರಡಲಿ ಹತ್ತೊಂಬತ್ತು, ಅಲ್ಲಿಗೆ ಮುಗಿಯಿತು ಎನ್ನುವುದು ಸರಳ ವಿವರಣೆ. ಇನ್ನೊಂದು ವಿವರಣೆ ಕೇಳಿದರೆ ನಮ್ಮ ಗಣಿತ ವಿಭಾಗದವರೂ ಹುಬ್ಬೇರಿಸಿದರು. ಇಪ್ಪತ್ತನ್ನು 18ರ ಆಧಾರದಲ್ಲಿ, ಅಂದರೆ ಹತ್ತರ ಬದಲು ಹದಿನೆಂಟರ ಗುಂಪು ಮಾಡಿ, ಬರೆದರೆ 12: ಒಂದು ಹದಿನೆಂಟು, ಮೇಲೆ ಎರಡು. ಇಪ್ಪತ್ತನಾಲ್ಕನ್ನು 21ರ ಆಧಾರದಲ್ಲಿ ಬರೆದರೆ 13. ಹೀಗೆ ಆಧಾರ ಮೂರು ಮೂರು ಏರುತ್ತ ಹೋದರೆ ನಾಲ್ಕು ಹನ್ನೆರಡರವರೆಗೂ ಉತ್ತರ ಸರಿಯೇ, 39ರ ಆಧಾರದಲ್ಲಿ 19. ಆದರೆ ನಾಲ್ಕು ಹದಿಮೂರಲಿ ಎಂದೊಡನೆ, 42ರ ಆಧಾರದಲ್ಲಿ, ಒಂದು ನಲವತ್ತೆರಡರ ಮೇಲೆ ಹತ್ತು ಉಳಿದು ಸರಣಿ ಮುರಿಯುತ್ತದೆ. ಇಪ್ಪತ್ತು ಬರುವುದೇ ಇಲ್ಲ. ಆಲಿಸ್ ಹೇಳಿದ್ದು ಸರಿ.

ಆದರೂ ನನ್ನಂಥವಳಿಗೆ ಪುಸ್ತಕದ ಬೆಲೆ ಸಂದಾಯವಾಗುವುದು ಪದ್ಯಗಳ ಟಿಪ್ಪಣಿಯಲ್ಲಿ. ಆಲಿಸ್ ಕಥೆಯುದ್ದಕ್ಕೂ ಯಾರೋ ಒಬ್ಬರು ಈ ಹುಡುಗಿಯನ್ನು ನಿಲ್ಲಿಸಿ ‘ಎಲ್ಲಿ, ಪದ್ಯ ಹೇಳು’ ಎನ್ನುತ್ತಿರುತ್ತಾರೆ. ಅವಳು ಕೈಕಟ್ಟಿ ನಿಂತು ಬಾಯಿಪಾಠ ಮಾಡಿದ್ದನ್ನು ಹೇಳಹೊರಟರೆ ಬಾಯಿಂದ ಬೇರೆಯೇ ಏನೋ ಹೊರಡುತ್ತದೆ. ಅವಳು ಹೇಳಬೇಕಾಗಿದ್ದ ಮೂಲ ಪದ್ಯಗಳು ಆ ಕಾಲದ ಮನೆಮನೆಯ ಮಕ್ಕಳಿಗೆ ಗೊತ್ತಿದ್ದವು, ನಮಗೆ ಗೊತ್ತಿಲ್ಲ. ಗಾರ್ಡ್ನರ್ ಅವನ್ನು ಅಂಚಿನಲ್ಲಿ ಅಚ್ಚುಹಾಕಿದ್ದಾರೆ. ಐಸಾಕ್ ವಾಟ್ಸ್ 1715ರಲ್ಲಿ ಬರೆದದ್ದು ಜೇನುಹುಳುವಿನ ಹಾಗೆ ದುಡಿಯಿರಿ, ಸೋಮಾರಿ ಕೈಗಳಿಗೆ ಸೈತಾನ ಕೆಲಸ ಹುಡುಕುತ್ತಾನೆ ಎಂಬ ಪದ್ಯ. ಆಲಿಸ್ ಬಾಯಲ್ಲಿ ಅದು ಹೊಳೆಯುವ ಬಾಲದ ಮೊಸಳೆಯಾಗಿ, ನಗುನಗುತ್ತ ಮೀನುಮರಿಗಳನ್ನು ಬಾಯಿಗೆ ಬರಮಾಡಿಕೊಳ್ಳುತ್ತದೆ. ರಾಬರ್ಟ್ ಸೌದಿಯ ಪದ್ಯದಲ್ಲಿ ದೈವಭಕ್ತ ಮುದುಕನೊಬ್ಬ ಯುವಕನಿಗೆ ಬುದ್ಧಿ ಹೇಳುತ್ತಾನೆ. ಆಲಿಸಳ ಮುದುಕ ತಲೆಕೆಳಗಾಗಿ ನಿಲ್ಲುತ್ತಾನೆ, ಮೂಗಿನ ತುದಿಯಲ್ಲಿ ಹಾವುಮೀನು ನಿಲ್ಲಿಸುತ್ತಾನೆ. ಕೇಳಿದ ಕಂಬಳಿಹುಳು ‘ಮೊದಲಿನಿಂದ ಕೊನೆಯವರೆಗೂ ತಪ್ಪು’ ಎಂದು ತೀರ್ಪು ಕೊಡುತ್ತದೆ. ಮೌಲ್ಯಮಾಪನ ಕೇಂದ್ರದಲ್ಲಿ ಕೂತು ಉತ್ತರ ಪತ್ರಿಕೆ ತಿದ್ದಿದವರಿಗೆಲ್ಲ ಆ ದನಿ ಪರಿಚಿತ.

ಮೂಲ ಮತ್ತು ಅಣಕ ಎರಡನ್ನೂ ಅಕ್ಕಪಕ್ಕ ಜೆರಾಕ್ಸ್ ಮಾಡಿಸಿ ಹಂಚಿದೆ. ಗೈಡ್ ಇಲ್ಲದೆ ಒಂದು ವಾಕ್ಯ ಬರೆಯಲು ಅಂಜುವ ಹುಡುಗರು ಇವರು. ಒಬ್ಬಳು ಎದ್ದು, ‘ಮೇಡಂ, ಇದು ನಮ್ಮ ಬಣ್ಣದ ತಗಡಿನ ತುತ್ತೂರಿಯ ಹಾಗಲ್ಲವೇ? ಅಲ್ಲೂ ಕೊನೆಗೆ ಜಂಬಕ್ಕೆ ಶಿಕ್ಷೆ ಆಗಿಯೇ ಆಗುತ್ತದೆ’ ಎಂದಳು. ಹಾಗಾದರೆ ಆಲಿಸ್ ಬಂದು ರಾಜರತ್ನಂ ಪದ್ಯವನ್ನು ತಪ್ಪಾಗಿ ಹೇಳಿದರೆ ಹೇಗಿರುತ್ತದೆ, ಬರೆದು ತನ್ನಿ ಎಂದೆ. ಒಬ್ಬ ಹುಡುಗನ ಕಸ್ತೂರಿ ನೀರಿಗೆ ಬಿದ್ದು ಕೆಟ್ಟ ತುತ್ತೂರಿಯನ್ನು ಒರೆಸಿ ಎರಡು ಕಾಸಿಗೆ ಇನ್ನೊಬ್ಬನಿಗೆ ಮಾರಿಬಿಟ್ಟ! ಅಣಕ ಎಂದರೇನು, ಪದ್ಯದ ಲಯ ಹಾಗೇ ಇದ್ದು ನೀತಿ ಮಾತ್ರ ಪಲ್ಟಿ ಹೊಡೆದರೆ ಏನಾಗುತ್ತದೆ ಎಂಬುದನ್ನು ಅವನಿಗೆ ನಾನು ವಿವರಿಸುವ ಅಗತ್ಯವೇ ಬೀಳಲಿಲ್ಲ. ವಿಚಿತ್ರವೆಂದರೆ, ಇಂಗ್ಲಿಷ್ ತರಗತಿಯೊಳಗೆ ಬರಲು ಯೋಗ್ಯವೇ ಎಂದು ನಾವು ಬಾಗಿಲಲ್ಲಿ ತಡೆದು ಕೇಳುತ್ತಿರುವ ಈ ಕಥೆಯ ವಸ್ತುವೇ ತರಗತಿ. ಕಥೆಯಲ್ಲಿ ಬರುವ ಅಣಕು ಆಮೆ ಎಂಬ ಪ್ರಾಣಿ ಓದಿದ ಶಾಲೆಯಲ್ಲಿ ಮೊದಲ ದಿನ ಹತ್ತು ಗಂಟೆ ಪಾಠ, ಮರುದಿನ ಒಂಬತ್ತು. ಹನ್ನೊಂದನೆಯ ದಿನ ರಜೆ ಸರಿ, ಹನ್ನೆರಡನೆಯ ದಿನ ಏನು ಮಾಡುತ್ತಿದ್ದಿರಿ ಎಂದು ಆಲಿಸ್ ಕೇಳಿದ ಕೂಡಲೇ ಜೊತೆಗಿದ್ದ ಗ್ರಿಫನ್, ಹದ್ದಿನ ತಲೆ ಸಿಂಹದ ಮೈಯ ಕಾಲ್ಪನಿಕ ಪ್ರಾಣಿ, ಮಾತು ಬದಲಿಸುತ್ತದೆ. ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ನಾವು ಮಾಡುವುದೂ ಅದನ್ನೇ. ಗಾರ್ಡ್ನರ್ ಇಲ್ಲಿ ಋಣಸಂಖ್ಯೆಯ ಸುಳಿವು ಕಾಣುತ್ತಾರೆ. ನನಗೆ ಕಾಣುವುದು ಮೇಷ್ಟ್ರ ಪೇಚು.

ನಮ್ಮ ಹಿರಿಯರ ಆಕ್ಷೇಪವನ್ನು ಅವರಿಗಿಂತ ಚೆನ್ನಾಗಿ ಹೇಳಿದವರು ಈ ಪುಸ್ತಕದ ಪೀಠಿಕೆಯಲ್ಲೇ ಸಿಗುತ್ತಾರೆ. ಕ್ಯಾರಲ್ ಹುಟ್ಟಿ ನೂರು ವರ್ಷವಾದ 1932ರಲ್ಲಿ ಇಂಗ್ಲಿಷ್ ಲೇಖಕ ಜಿ.ಕೆ. ಚೆಸ್ಟರ್ಟನ್ ಮರುಗಿದ್ದರು: ಪಾಪದ ಆಲಿಸಳನ್ನು ಹಿಡಿದು ಪಾಠಕ್ಕೆ ಕೂರಿಸಿದ್ದಲ್ಲದೆ, ಪರರಿಗೆ ಪಾಠ ಹೇರುವ ಕೆಲಸಕ್ಕೂ ಹಚ್ಚಿದರಲ್ಲ ಎಂದು. ಮಕ್ಕಳ ಕಥೆ ಹಗುರ, ಆದ್ದರಿಂದ ಬೇಡ ಎನ್ನುವುದು ಸ್ಟಾಫ್ ರೂಮಿನ ಆಕ್ಷೇಪ. ಓದಿಸಿದರೆ ನಗು ಸತ್ತುಹೋಗುತ್ತದೆ, ಆದ್ದರಿಂದ ಬೇಡ ಎನ್ನುವುದು ಚೆಸ್ಟರ್ಟನ್ನರದು. ಮೊದಲನೆಯದಕ್ಕೆ ಉತ್ತರ ಎಂದೋ ಸಿಕ್ಕಿದೆ. ವಿಲಿಯಂ ಎಂಪ್ಸನ್‌ನಂಥ ವಿಮರ್ಶಕ 1935ರಲ್ಲೇ ಆಲಿಸಳ ಮೇಲೆ ಒಂದು ಅಧ್ಯಾಯ ಬರೆದ. ಎರಡನೆಯದು ನಿಜವಾದ ಭಯ. ಗಾರ್ಡ್ನರ್ ಕೂಡ ಅದರಿಂದ ಪೂರ್ತಿ ಪಾರಾಗಿಲ್ಲ.

ಗಮಕದಲ್ಲಿ ವಾಚನ ಮಾಡುವವರು ಒಂದು ಪದ್ಯ ಮುಗಿಸುವ ಮುಂಚೆಯೇ ವ್ಯಾಖ್ಯಾನಕಾರರು ಮೈಕ್ ಎಳೆದುಕೊಂಡರೆ ಹೇಗಿರುತ್ತದೆ? ಕನ್ನಡಿಯ ಕಥೆಯ ಕೆಲವು ಪುಟಗಳು ಹಾಗಿವೆ. ಆ ಕಥೆಯನ್ನು ಚದುರಂಗದ ಆಟದಂತೆ ಹೆಣೆಯಲಾಗಿದೆ, ಅದರ ನಡೆಗಳ ಲೆಕ್ಕ ಒಂದು ಹಂತ ಮೀರಿದ ಮೇಲೆ ಆಟ ಬಲ್ಲವರಿಗೆ ಮಾತ್ರ. ಆಕ್ಸ್‌ಫರ್ಡಿನಲ್ಲಿ ಯಾರ ಮನೆಯಲ್ಲಿ ಯಾವ ಪೀಠೋಪಕರಣ ಇತ್ತು ಎಂಬಂಥ ಚೂರುಪಾರುಗಳನ್ನು ನಾನು ದಾಟಿ ಹೋಗುತ್ತೇನೆ. ಕ್ಯಾರಲ್‌ನ ಮನಸ್ಸಿನ ಆಳ ಬಗೆಯುವ ಮನೋವಿಶ್ಲೇಷಣೆಗೆ ಗಾರ್ಡ್ನರ್ ಹೆಚ್ಚು ಜಾಗ ಕೊಟ್ಟಿಲ್ಲ, ಬಹಳ ಒಳ್ಳೆಯದಾಯಿತು. ಆದರೆ ವಾಕ್ಯಗಳು ಹೇಗೆ ಕೆಲಸ ಮಾಡುತ್ತವೆ, ಕಥನದ ದನಿ ಯಾವಾಗ ಆಲಿಸಳ ಕಡೆ ವಾಲಿ ಯಾವಾಗ ಅವಳನ್ನು ಮೆಲ್ಲಗೆ ಕೆಣಕುತ್ತದೆ ಎಂಬ ಬಗ್ಗೆ ಅಂಚಿನಲ್ಲಿ ಹೆಚ್ಚೇನೂ ಇಲ್ಲ. ಅದನ್ನು ಮೇಷ್ಟ್ರೇ ಮಾಡಿಕೊಳ್ಳಬೇಕು.

ಓದುತ್ತ ಒಂದು ಹೊಟ್ಟೆಕಿಚ್ಚೂ ಹುಟ್ಟಿತು. ಬ್ರೌನಿಂಗ್‌ನ 1842ರ ಪದ್ಯದಿಂದ ಪ್ರೇರಣೆ ಪಡೆದು ಕುವೆಂಪು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಬರೆದರು. ವೇಸರ್ ನದಿಯ ಹ್ಯಾಮಲಿನ್ ಊರು ತುಂಗೆಯ ದಡಕ್ಕೆ ಬಂತು. ಅದರ ಮೇಲೆ ಕನ್ನಡ ವಿಭಾಗದಲ್ಲಿ ಯಾರಾದರೂ ಪ್ರಬಂಧ ಮಂಡಿಸಿದರೆ ಯಾರೂ ನಗುವುದಿಲ್ಲ. ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’ ಆಲಿಸಳನ್ನೇ ಕನ್ನಡಕ್ಕೆ ತಂದ ಪುಸ್ತಕ. ಈ ಎರಡಕ್ಕೂ ಇಂಥ ಅಗಲ ಅಂಚಿನ ಒಂದೊಂದು ಆವೃತ್ತಿ ಯಾರಾದರೂ ಮಾಡಿದರೆ ಮುಂಗಡ ಕೊಟ್ಟು ಕಾದಿರುತ್ತೇನೆ.

ಯಾರು ಕೊಳ್ಳಬೇಕು? ಆಲಿಸ್ ಕಥೆಯನ್ನು ಒಮ್ಮೆಯೂ ಓದದವರು ಬೇಡ. ಮೊದಲು ಟಿಪ್ಪಣಿ ಇಲ್ಲದ ಅಗ್ಗದ ಪ್ರತಿ ಓದಿ. ಎಂಟು ವರ್ಷದ ಮಗುವಿಗೆ ಉಡುಗೊರೆ ಕೊಡುವ ಯೋಚನೆ ಇದ್ದರೆ ಅದೂ ಬೇಡ, ಎತ್ತಲಾರದಷ್ಟು ಭಾರ. ಇಂಗ್ಲಿಷ್ ಮೇಷ್ಟ್ರುಗಳು, ಗಣಿತದವರು, ಕಾಲೇಜು ಗ್ರಂಥಾಲಯಗಳು ಧಾರಾಳವಾಗಿ ತರಿಸಬಹುದು. ಹಳೆಯ ಪುಸ್ತಕದಂಗಡಿಯಲ್ಲಿ 1960ರ ಆವೃತ್ತಿಯ ಪೇಪರ್‌ಬ್ಯಾಕ್ ಸಿಕ್ಕರೆ ಪಾಠಕ್ಕೆ ಅದೂ ಸಾಕು, ಚೀಲದಲ್ಲಿ ಹಗುರ. ವಿಗ್ ತೊಟ್ಟ ಕಣಜದ ಪ್ರಸಂಗ ಬೇಕಿದ್ದವರು ಮಾತ್ರ 1990ರ ಸಂಪುಟವನ್ನೋ 1999ರ ಆವೃತ್ತಿಯನ್ನೋ ಹುಡುಕಬೇಕು. ಅಂಥ ಕಣಜವನ್ನು ಚಿತ್ರಿಸುವುದು ಕಲೆಯ ಅಳವಿಗೆ ಮೀರಿದ್ದು ಎಂದು ಟೆನಿಯಲ್ ಪತ್ರ ಬರೆದಿದ್ದರಿಂದ ಕನ್ನಡಿಯ ಕಥೆಯಿಂದ ಕ್ಯಾರಲ್ ಕೈಬಿಟ್ಟ ಭಾಗವದು. ಅಚ್ಚಿನ ಕರಡು 1974ರಲ್ಲಿ ಲಂಡನ್ನಿನ ಹರಾಜಿಗೆ ಬಂದ ಮೇಲಷ್ಟೇ ಓದುಗರಿಗೆ ಸಿಕ್ಕಿತು. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ಮತ ಟೆನಿಯಲ್ ಕಡೆಗಿದೆ.